ಓದುಗರ ಗ್ಯಾರೇಜ್: ಹಳೆಯ ಎಎಂಜಿ, ಹಳೆಯ ಸೆವೆನ್ ಸೀರೀಸ್ ಸಾಕಲು ವರ್ಷಕ್ಕೆಷ್ಟು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹತ್ತು–ಹದಿನೈದು ವರ್ಷ ಹಳೆಯ ದುಬಾರಿ ಕಾರುಗಳ ಬಗ್ಗೆ. ಕೆಳಗಿನ ರೂಪಾಯಿ ಲೆಕ್ಕವೆಲ್ಲ ಅಂದಾಜು. ಈ ಕಾರುಗಳ ಕೆಲಸ ಗೊತ್ತಿರುವ, ಕಂಪನಿಯದಲ್ಲದ ಗ್ಯಾರೇಜಿನಲ್ಲಿ ಮಾಡಿಸಿದರೆ ಬರುವ ಖರ್ಚು ಎಂದು ಓದಿಕೊಳ್ಳಿ. ಕಂಪನಿಯ ವರ್ಕ್‌ಶಾಪಿಗೆ ಹೋದರೆ ಬಿಲ್ಲು ಇದಕ್ಕಿಂತ ದೊಡ್ಡದು.

ಪ್ರಶ್ನೆ: 2012ರ ಮರ್ಸಿಡಿಸ್ ಸಿ63 ಎಎಂಜಿ ನೋಡಿಟ್ಟಿದ್ದೇನೆ. 54,000 ಕಿ.ಮೀ. ಓಡಿದೆ. ಇವತ್ತಿನ ಒಂದು ಮಾಮೂಲಿ ಎಸ್‌ಯುವಿಯ ಬೆಲೆಗೆ ಕೊಡುತ್ತಿದ್ದಾರೆ. ವರ್ಷಕ್ಕೆ ಆರು ಸಾವಿರ ಕಿ.ಮೀ.ಗಿಂತ ಹೆಚ್ಚು ಓಡಿಸುವವನಲ್ಲ. ಖರ್ಚಿಗೆ ಎಷ್ಟು ತೆಗೆದಿಡಬೇಕು?
— ಓದುಗರು, ಜಯನಗರ, ಬೆಂಗಳೂರು

ಉತ್ತರ: ಪೆಟ್ರೋಲ್ ಸೇರಿ ವರ್ಷಕ್ಕೆ ನಾಲ್ಕೂವರೆಯಿಂದ ಐದು ಲಕ್ಷ. ಕಾರಿನ ಬೆಲೆ ಇಳಿದಿದೆ ನಿಜ, ಬಿಡಿಭಾಗಗಳ ಬೆಲೆ ಇಳಿದಿಲ್ಲ. ಬ್ರೇಕ್ ಡಿಸ್ಕ್ ಮಾರುವವನಿಗೆ ನೀವು ಕಾರನ್ನು ಎಷ್ಟಕ್ಕೆ ಕೊಂಡಿರಿ ಎಂಬುದು ಬೇಕಿಲ್ಲ.

ಮೊದಲು ಪೆಟ್ರೋಲ್. 6.2 ಲೀಟರಿನ ವಿ8 ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಲೀಟರಿಗೆ ಐದು ಕಿ.ಮೀ. ಕೊಟ್ಟರೆ ಪುಣ್ಯ. ಆರು ಸಾವಿರ ಕಿ.ಮೀ.ಗೆ 1,200 ಲೀಟರ್. ಲೀಟರಿಗೆ 105 ರೂಪಾಯಿ ಹಿಡಿದರೂ 1,26,000. ಈ ಎಂಜಿನ್ನಿಗೆ ಹೆಚ್ಚಿನ ಆಕ್ಟೇನಿನ ಪೆಟ್ರೋಲೇ ಒಳ್ಳೆಯದು. ಅದನ್ನೇ ಹಾಕಿಸಿದರೆ ಇನ್ನಷ್ಟು ಸೇರಿಸಿಕೊಳ್ಳಿ.

ವಿಮೆ. 1500 ಸಿಸಿ ಮೀರಿದ ಖಾಸಗಿ ಕಾರಿಗೆ ಥರ್ಡ್ ಪಾರ್ಟಿ ಪ್ರೀಮಿಯಂ 7,897 ರೂ., ಶೇ. 18 ಜಿಎಸ್‌ಟಿ ಸೇರಿ ಸುಮಾರು 9,320. ಅದರ ಮೇಲೆ ನಿಮ್ಮ ಕಾರಿಗೇ ಆಗುವ ಹಾನಿಗೆಂದು ಓನ್ ಡ್ಯಾಮೇಜ್ ಪ್ರೀಮಿಯಂ. ಐದು ವರ್ಷ ದಾಟಿದ ಕಾರಿನ ಐಡಿವಿ, ಅಂದರೆ ವಿಮೆಗೆ ಹಿಡಿಯುವ ಕಾರಿನ ಬೆಲೆ, ನೀವೂ ವಿಮಾ ಕಂಪನಿಯೂ ಮಾತಾಡಿ ನಿಗದಿ ಮಾಡಿಕೊಳ್ಳುವಂಥದ್ದು. ಪ್ರೀಮಿಯಂ ಉಳಿಸಲು ಐಡಿವಿ ತೀರಾ ಇಳಿಸಬೇಡಿ. ಒಟ್ಟು 60,000 ಇಟ್ಟುಕೊಳ್ಳಿ. ಮಾರುವವರ ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ, ಅದು ವ್ಯಕ್ತಿಗೆ ಸೇರಿದ್ದು, ಕಾರಿಗಲ್ಲ. ಇನ್ನೊಂದು ವಿಷಯ ಹಲವರಿಗೆ ಕ್ಲೇಮ್ ಮಾಡುವ ದಿನವೇ ಗೊತ್ತಾಗುತ್ತದೆ: ಹತ್ತು ವರ್ಷ ದಾಟಿದ ಕಾರಿನ ಲೋಹದ ಭಾಗಗಳಿಗೆ ವಿಮೆಯವರು ಶೇ. 50 ಸವಕಳಿ ಕಳೆಯುತ್ತಾರೆ. ರಬ್ಬರ್, ಪ್ಲಾಸ್ಟಿಕ್, ಟೈರು, ಬ್ಯಾಟರಿಗೆ ವಯಸ್ಸು ಎಷ್ಟೇ ಇರಲಿ ಶೇ. 50. ಈ ವಯಸ್ಸಿನ ಕಾರಿಗೆ ಸವಕಳಿ ಕಳೆಯದ ಝೀರೋ ಡೆಪ್ರಿಸಿಯೇಷನ್ ವಿಮೆ ಸಾಮಾನ್ಯವಾಗಿ ಸಿಗದು. ಅಂದರೆ ಎರಡು ಲಕ್ಷದ ಬಂಪರ್–ಹೆಡ್‌ಲೈಟ್ ಕೆಲಸದಲ್ಲಿ ಹತ್ತಿರಹತ್ತಿರ ಒಂದು ಲಕ್ಷ ನಿಮ್ಮ ಜೇಬಿನಿಂದಲೇ.

ವರ್ಷದ ಸರ್ವಿಸ್. ಎಂಜಿನ್ ಆಯಿಲ್ ಸುಮಾರು ಎಂಟೂವರೆ ಲೀಟರ್ ಹಿಡಿಯುತ್ತದೆ. ಮರ್ಸಿಡಿಸ್ ಕಂಪನಿಯ ಎಂಬಿ 229.5 ಒಪ್ಪಿಗೆ ಇರುವ 0ಡಬ್ಲ್ಯು-40 ಹಾಕಿಸಿ. ಎಷ್ಟೇ ಕಡಿಮೆ ಓಡಿದರೂ ವರ್ಷಕ್ಕೊಮ್ಮೆ, ಇಲ್ಲವೇ 8,000 ಕಿ.ಮೀ.ಗೆ ಬದಲಿಸಲೇಬೇಕು. ಫಿಲ್ಟರುಗಳು, ತಪಾಸಣೆ ಸೇರಿ 40,000. ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್, ನಾಲ್ಕೈದು ವರ್ಷಕ್ಕೊಂದು ಎಜಿಎಂ ಬ್ಯಾಟರಿ, ಚಿಲ್ಲರೆ ಕೆಲಸಗಳಿಗೆಂದು ವರ್ಷಕ್ಕೆ 15,000 ಹರಡಿಕೊಳ್ಳಿ. ಎಂಸಿಟಿ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ ಮತ್ತು ಫಿಲ್ಟರ್ ಬದಲಿಸಿದ ಬಿಲ್ ಇದೆಯೇ ಕೇಳಿ. 54,000 ಕಿ.ಮೀ. ಆಗಿರುವುದರಿಂದ ಇಲ್ಲದಿದ್ದರೆ ಮೊದಲ ವರ್ಷವೇ ಅದು ನಿಮ್ಮ ತಲೆಗೆ ಬರುತ್ತದೆ.

ಟೈರು ಮುಂದೆ 235/40 ಆರ್18, ಹಿಂದೆ 255/35 ಆರ್18. ಒಳ್ಳೆಯ ಕಂಪನಿಯ ನಾಲ್ಕಕ್ಕೆ ಸುಮಾರು ಒಂದು ಲಕ್ಷ. ನಿಮ್ಮ ಓಡಾಟಕ್ಕೆ ಅವು ಸವೆಯುವ ಮೊದಲೇ ಮುದಿಯಾಗುತ್ತವೆ. ಟೈರಿನ ಪಕ್ಕದಲ್ಲಿ ಡಿಒಟಿ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಗೀರು ಎಷ್ಟು ಆಳವಿದ್ದರೂ ಆರು ವರ್ಷ ದಾಟಿದ ಟೈರಿನ ಮೇಲೆ ಈ ಎಂಜಿನ್ನಿನ 457 ಪಿಎಸ್ ಶಕ್ತಿಯನ್ನು ಹೇರಬೇಡಿ. ಮುಂದಿನ ಬ್ರೇಕ್ ಡಿಸ್ಕು 360 ಮಿ.ಮೀ., ಆರು ಪಿಸ್ಟನ್ನಿನ ಕ್ಯಾಲಿಪರ್. ಡಿಸ್ಕು, ಪ್ಯಾಡು ಒಟ್ಟಿಗೆ ಬದಲಿಸಿದರೆ ಲಕ್ಷ ದಾಟುವುದು ಮಾಮೂಲು. ಟೈರಿಗೆ 25,000, ಬ್ರೇಕಿಗೆ 25,000 ಎಂದು ವರ್ಷವರ್ಷ ತೆಗೆದಿಡಿ.

ಇಲ್ಲಿಗೆ 2,91,000 ಆಯಿತು. ಇದರಲ್ಲಿ ಯಾವುದೂ ಕೆಟ್ಟಿಲ್ಲ! ಕೆಡುವುದಕ್ಕೆಂದು ಒಂದೂವರೆಯಿಂದ ಎರಡು ಲಕ್ಷ ಬೇರೆ ಇಡಬೇಕು. ಒಂದು ವರ್ಷ ಮುಟ್ಟದೆ ಉಳಿಯಬಹುದು, ಮರುವರ್ಷ ಎರಡೂ ವರ್ಷದ್ದು ಒಟ್ಟಿಗೆ ಹೋಗಬಹುದು.

ಕೆಡುವುದು ಏನು? ಎಂ156 ಎಂಬ ಈ ಎಂಜಿನ್ನಿನ ಕುಖ್ಯಾತ ದೋಷ ಸಿಲಿಂಡರ್ ಹೆಡ್ ಬೋಲ್ಟು. ಹಳೆಯ ಬೋಲ್ಟುಗಳು ತುಕ್ಕು ಹಿಡಿದು ತಲೆ ಮುರಿಯುತ್ತಿದ್ದವು, ಕೂಲಂಟ್ ಸಿಲಿಂಡರಿಗೆ ಇಳಿಯುತ್ತಿತ್ತು. ಎಂಜಿನ್ ಸಂಖ್ಯೆ 060658ರಿಂದ ಮುಂದಿನವಕ್ಕೆ ಬದಲಾದ ಬೋಲ್ಟು ಬಂದಿದೆ. ನಿಮ್ಮದು 2012ರದ್ದಾದ್ದರಿಂದ ಪಾರಾಗಿರಬೇಕು, ಆದರೂ ವರ್ಷ ನೋಡಿ ಸುಮ್ಮನಾಗದೆ ಸಂಖ್ಯೆಯನ್ನೇ ನೋಡಿ. ಕೂಲಂಟ್ ಆಗಾಗ ಕಡಿಮೆಯಾಗುವುದು, ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಒಂದು ಸಿಲಿಂಡರ್ ತಡವರಿಸುವುದು, ಬಿಳಿ ಹೊಗೆ — ಇವು ಲಕ್ಷಣ. ಎರಡನೆಯದು ವಾಲ್ವು ತೆರೆಯುವ ಹೊತ್ತನ್ನು ಹೊಂದಿಸುವ ಕ್ಯಾಮ್‌ಶಾಫ್ಟ್ ಅಡ್ಜಸ್ಟರ್. ನಾಲ್ಕಿವೆ. ಒಳಗಿನ ಲಾಕ್ ಪಿನ್ ಸವೆದರೆ ರಾತ್ರಿಯಿಡೀ ನಿಂತ ಕಾರು ಸ್ಟಾರ್ಟ್ ಆದ ಕೂಡಲೇ ಒಂದೆರಡು ಸೆಕೆಂಡು ಕಟಕಟ ಎಂದು ಸುಮ್ಮನಾಗುತ್ತದೆ. ಅದನ್ನು ಕೇಳಿಸಿಕೊಳ್ಳಬೇಕಾದರೆ ಬೆಳಿಗ್ಗೆಯೇ ಹೋಗಿ, ನೀವು ಬರುವವರೆಗೆ ಸ್ಟಾರ್ಟ್ ಮಾಡಬಾರದೆಂದು ಮೊದಲೇ ಹೇಳಿಡಿ. ಹೋದವರು ಮೊದಲು ಬಾನೆಟ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇನೆ ಎಂದು ವಾಪಸಾಗುವುದೇ ಸರಿ. ಕಟಕಟ ನಿಲ್ಲದೆ ಟಿಕ್ ಟಿಕ್ ಎಂದು ಮುಂದುವರಿದರೆ ಟ್ಯಾಪೆಟ್ಟು, ಕ್ಯಾಮ್ ಸವೆದಿರಬಹುದು. ಆಗ ಬೆಲೆ ಇಳಿಸಿ ಕೇಳುವುದಕ್ಕಿಂತ ಬಿಟ್ಟುಬಿಡುವುದು ಮೇಲು. ಎಂಜಿನ್ ಮೌಂಟು ಕುಸಿದು ಐಡಲಿನಲ್ಲಿ ಸ್ಟೀರಿಂಗ್ ನಡುಗುವುದೂ ಇದೆ, ಅದು ದೊಡ್ಡ ಖರ್ಚಲ್ಲ.

ಪ್ರಶ್ನೆ: ನಮ್ಮ ಎಸ್ ಕ್ಲಾಸ್ (ಡಬ್ಲ್ಯು221) ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ಮುಂದಿನ ಎಡಮೂಲೆ ಕುಸಿದಿರುತ್ತದೆ. ಸ್ಟಾರ್ಟ್ ಮಾಡಿದರೆ ಮೇಲೇಳುತ್ತದೆ. ಗ್ಯಾರೇಜಿನವರು ಕಂಪ್ರೆಸರ್ ಹಾಕಬೇಕು ಅನ್ನುತ್ತಾರೆ.
— ಓದುಗರು, ಮಂಗಳೂರು

ಉತ್ತರ: ನಿಮ್ಮ ಕಾರಿನ ಮೂಲೆಗಳು ಗಾಳಿ ತುಂಬಿದ ಸ್ಟ್ರಟ್ (ಸಸ್ಪೆನ್ಷನ್ ಕಂಬ) ಮೇಲೆ ನಿಂತಿರುತ್ತವೆ, ಅವಕ್ಕೆ ಗಾಳಿ ತುಂಬುವುದು ಕಂಪ್ರೆಸರ್. ಸ್ಟಾರ್ಟ್ ಮಾಡಿದರೆ ಮೇಲೇಳುತ್ತದೆ ಅಂದರೆ ಕಂಪ್ರೆಸರ್ ಇನ್ನೂ ದುಡಿಯುತ್ತಿದೆ ಎಂದೇ ಅರ್ಥ. ಸೋರಿಕೆ ಎಲ್ಲೆಂದು ಹುಡುಕದೆ ಕಂಪ್ರೆಸರ್ ಮಾತ್ರ ಬದಲಿಸಿದರೆ ಹೊಸದೂ ಕೆಲವೇ ತಿಂಗಳಲ್ಲಿ ಸುಡುತ್ತದೆ.

ಒಂದೇ ಮೂಲೆ ಕುಸಿದರೆ ಅನುಮಾನ ಆ ಸ್ಟ್ರಟ್ ಮೇಲೆ. ಅದರ ರಬ್ಬರ್ ಚೀಲ ಮಡಚುವ ಜಾಗದಲ್ಲಿ ಬಿರುಕು ಬಿಡುತ್ತದೆ. ಸ್ಟ್ರಟ್ಟಿನ ಮೇಲ್ತುದಿಗೆ ಗಾಳಿಯ ಪೈಪು ಸೇರುವ ಕಡೆ, ಆಮೇಲೆ ಮೂಲೆಗಳಿಗೆ ಗಾಳಿ ಹಂಚುವ ವಾಲ್ವ್ ಬ್ಲಾಕಿಗೆ ಪಾತ್ರೆ ತೊಳೆಯುವ ಸೋಪಿನ ನೀರು ಸಿಂಪಡಿಸಿ ನೋಡಲು ಹೇಳಿ. ಗುಳ್ಳೆ ಎದ್ದ ಕಡೆ ಸೋರಿಕೆ. ಪೈಪಿನ ಜೋಡಣೆಯಲ್ಲಿದ್ದರೆ ನೂರಾರು ರೂಪಾಯಿಯ ಕೆಲಸ. ಒಂದು ದಿನ ಒಂದು ಮೂಲೆ, ಮರುದಿನ ಇನ್ನೊಂದು ಮೂಲೆ ಕುಸಿದರೆ ವಾಲ್ವ್ ಬ್ಲಾಕ್ ನೋಡಬೇಕು. ಯಾರೂ ಕಾರಿನ ಕೆಳಗೆ ತಲೆ ಹಾಕದಂತೆ ನೋಡಿಕೊಳ್ಳಿ. ಜಾಕ್ ಸ್ಟ್ಯಾಂಡ್ ಇಲ್ಲದೆ ಗಾಳಿ ಇಳಿದರೆ ಎರಡು ಟನ್ ಕಾರು ನೇರ ಮೈಮೇಲೆ.

ಸ್ಟ್ರಟ್ ಸೋರುತ್ತಿದ್ದರೆ ಎಡಬಲ ಎರಡನ್ನೂ ಒಟ್ಟಿಗೆ ಬದಲಿಸಿ, ಎರಡಕ್ಕೂ ಒಂದೇ ವಯಸ್ಸು. ಬಿಲ್‌ಸ್ಟೈನ್, ಆರ್ನಾಟ್ ಕಂಪನಿಗಳ ಸ್ಟ್ರಟ್ ಮರ್ಸಿಡಿಸ್ ಡಬ್ಬಿಯಲ್ಲಿ ಬರುವುದಕ್ಕಿಂತ ಅಗ್ಗ, ಕೆಲಸಕ್ಕೆ ಕಡಿಮೆಯಿಲ್ಲ. ಜತೆಗೆ ಕಂಪ್ರೆಸರಿಗೆ ಕರೆಂಟ್ ಕೊಡುವ ಸ್ವಿಚ್ಚಾದ ರಿಲೇ ಖಂಡಿತ ಬದಲಿಸಿ. ಸೋರಿಕೆಯಿಂದ ಕಂಪ್ರೆಸರ್ ಪದೇಪದೇ ಓಡಿ ರಿಲೇಯ ಕಾಂಟ್ಯಾಕ್ಟ್ ಅಂಟಿಕೊಂಡರೆ, ಕಾರು ಆಫ್ ಮಾಡಿದ ಮೇಲೂ ಅದು ಓಡುತ್ತಲೇ ಇದ್ದು ಸುಟ್ಟುಹೋಗುತ್ತದೆ. ಮೂರು ಕಾಸಿನ ರಿಲೇ ಉಳಿಸಲು ಹೋಗಿ ಕಂಪ್ರೆಸರ್ ಕಳೆದುಕೊಂಡವರು ಬಹಳ. ಕರಾವಳಿಯ ಉಪ್ಪುಗಾಳಿಗೆ ವೀಲ್ ಆರ್ಚಿನೊಳಗಿನ ಕನೆಕ್ಟರುಗಳೂ ಹಸಿರುಗಟ್ಟುತ್ತವೆ. ಮಳೆಗಾಲ ಮುಗಿದ ಮೇಲೆ ಒಮ್ಮೆ ಬಿಚ್ಚಿ ಒರೆಸಿಡಿಸಿ.

ಪ್ರಶ್ನೆ: 2011ರ ಬಿಎಂಡಬ್ಲ್ಯು ಸೆವೆನ್ ಸೀರೀಸ್, 750 ಎಲ್‌ಐ. ಸಾವಿರ ಕಿ.ಮೀ.ಗೆ ಒಂದು ಲೀಟರ್ ಆಯಿಲ್ ಕುಡಿಯುತ್ತಿದೆ. ಎಂಜಿನ್ ಹೋಗಿದೆ, ಬೇರೆ ಎಂಜಿನ್ ಇಳಿಸೋಣ ಎಂದು ಒಬ್ಬರು ಹೇಳಿದರು.
— ಓದುಗರು, ಹುಬ್ಬಳ್ಳಿ

ಉತ್ತರ: ಅವಸರ ಬೇಡ. ಎನ್63 ಎಂಬ ಈ ವಿ8ನಲ್ಲಿ ಎರಡು ಟರ್ಬೊಗಳೂ ಸಿಲಿಂಡರ್ ಸಾಲುಗಳ ನಡುವಿನ ಕಣಿವೆಯಲ್ಲಿ ಕೂತಿವೆ. ಅಲ್ಲಿನ ಕಾವಿಗೆ ವಾಲ್ವಿನ ಕಡ್ಡಿಯ ಸುತ್ತ ಆಯಿಲ್ ತಡೆಯುವ ರಬ್ಬರ್ ಉಂಗುರಗಳು, ಅಂದರೆ ವಾಲ್ವ್ ಸ್ಟೆಮ್ ಸೀಲುಗಳು, ಗಟ್ಟಿಯಾಗಿ ಆಯಿಲ್ ಸಿಲಿಂಡರಿಗೆ ಜಿನುಗುತ್ತದೆ. ಅಮೆರಿಕದಲ್ಲಿ 2014ರ ಕೊನೆಗೆ ಬಿಎಂಡಬ್ಲ್ಯು ಈ ಎಂಜಿನ್ನಿಗೆಂದೇ ‘ಕಸ್ಟಮರ್ ಕೇರ್ ಪ್ಯಾಕೇಜ್’ ತಂದಿತ್ತು ಅಂದರೆ ಲೆಕ್ಕ ಹಾಕಿ.

ಪರೀಕ್ಷೆ ಸುಲಭ. ಕಾರನ್ನು ಚೆನ್ನಾಗಿ ಬಿಸಿ ಮಾಡಿ ಹದಿನೈದು–ಇಪ್ಪತ್ತು ನಿಮಿಷ ಐಡಲಿನಲ್ಲಿ ಬಿಡಿ. ಆಮೇಲೆ ಒಬ್ಬರು ಹಿಂದೆ ನಿಂತಿರಲಿ, ಇನ್ನೊಬ್ಬರು ಆಕ್ಸಿಲರೇಟರ್ ಒತ್ತಲಿ. ನೀಲಿ ಹೊಗೆಯ ಮೋಡ ಬಂದು ಎರಡನೇ ಸಲ ಒತ್ತಿದಾಗ ಕಡಿಮೆಯಾದರೆ ಸೀಲುಗಳದೇ ಕಿತಾಪತಿ. ಹೈವೇಯಲ್ಲಿ ಜೋರಾಗಿ ಎಳೆಯುವಾಗ ಹೊಗೆ ಬಂದರೆ ಟರ್ಬೊ ಅಥವಾ ಪಿಸ್ಟನ್ ರಿಂಗ್ ಕಡೆ ನೋಡಬೇಕು. ಏನೇ ಆಗಲಿ ಲೀಕ್‌ಡೌನ್ ಪರೀಕ್ಷೆ (ಸಿಲಿಂಡರಿಗೆ ಗಾಳಿ ತುಂಬಿ ಎಷ್ಟು ಸೋರುತ್ತದೆಂದು ನೋಡುವುದು) ಮಾಡಿಸಿ, ಎಂಟೂ ಸಿಲಿಂಡರಿನ ಅಂಕಿ ಬರೆಸಿಕೊಂಡ ಮೇಲೆಯೇ ಮುಂದಿನ ಮಾತು. ಸೀಲು ಮಾತ್ರ ಹೋಗಿದ್ದರೆ ಹೆಡ್ ಬಿಚ್ಚದೆ ಬದಲಿಸುವ ಟೂಲ್ ಇದೆ. ಅದು ಇರುವವರ ಹತ್ತಿರವೇ ಹೋಗಿ. ವಾಲ್ವುಗಳು 32 ಇರುವುದರಿಂದ ಕೂಲಿಯೇ ದೊಡ್ಡ ಖರ್ಚು. ಹಾಗಾಗಿ ಆಗಲೇ ಬಿಚ್ಚಿರುವ ಜಾಗದ ಗ್ಯಾಸ್ಕೆಟ್, ಪ್ಲಗ್, ಗಟ್ಟಿಯಾದ ವ್ಯಾಕ್ಯೂಮ್ ಪೈಪುಗಳನ್ನೆಲ್ಲ ಒಟ್ಟಿಗೇ ಮುಗಿಸಿ. ಎಲ್ಲಿಂದಲೋ ತಂದ ‘ಬೇರೆ ಎಂಜಿನ್’ನಲ್ಲಿ ಇರುವುದೂ ಅದೇ ಕಾಲದ ಸೀಲುಗಳು.

ಪ್ರಶ್ನೆ: ದೆಹಲಿಯಲ್ಲಿ ಇಂಥ ಕಾರುಗಳು ಅರ್ಧ ಬೆಲೆಗೆ ಸಿಗುತ್ತವೆ. ಅಲ್ಲಿಂದ ತಂದರೆ ಹೇಗೆ?
— ಓದುಗರು, ದಾವಣಗೆರೆ ಮತ್ತು ಶಿವಮೊಗ್ಗ

ಉತ್ತರ: ಅಲ್ಲಿ ಡೀಸೆಲ್‌ಗೆ ಹತ್ತು, ಪೆಟ್ರೋಲ್‌ಗೆ ಹದಿನೈದು ವರ್ಷದ ಮಿತಿ ತಲೆಯ ಮೇಲೆ ತೂಗುತ್ತಿರುವುದರಿಂದ ಬೆಲೆ ಇಳಿದಿದೆ. ಎನ್‌ಒಸಿ ತಂದು ಇಲ್ಲಿ ನೋಂದಾಯಿಸುವಾಗ ಜೀವಿತಾವಧಿ ತೆರಿಗೆ ಕಟ್ಟಬೇಕು. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಹೊಸ ಕಾರಿಗೆ ತೆರಿಗೆ ಶೇ. 18, ಮೇಲೆ ಸೆಸ್. ಹಳೆಯದಕ್ಕೆ ವಯಸ್ಸು ನೋಡಿ ಇಳಿಸುತ್ತಾರೆ, ಆದರೆ ಲೆಕ್ಕ ಶುರುವಾಗುವುದು ನೀವು ಕೊಟ್ಟ ಬೆಲೆಯಿಂದಲ್ಲ, ಅದು ಹೊಸದಾಗಿದ್ದಾಗಿನ ಬೆಲೆಯಿಂದ. ಕೋಟಿಯ ಕಾರನ್ನು ಹದಿನೈದು ಲಕ್ಷಕ್ಕೆ ಕೊಂಡು ಖುಷಿಪಟ್ಟವರು ಬೆಚ್ಚಿಬೀಳುವುದು ಆರ್‌ಟಿಒ ಕಚೇರಿಯಲ್ಲಿ. ಮುಂಗಡ ಕೊಡುವ ಮೊದಲು ಮೂಲ ಇನ್‌ವಾಯ್ಸಿನ ಪ್ರತಿ ಹಿಡಿದು ನಿಮ್ಮ ಆರ್‌ಟಿಒದಲ್ಲೇ ತೆರಿಗೆ ಕೇಳಿಕೊಂಡು ಬನ್ನಿ. ಹೊರರಾಜ್ಯದ ನಂಬರಿನಲ್ಲೇ ಓಡಿಸುತ್ತೇನೆ ಅನ್ನುವವರಿಗೆ: 2025ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಸಾರಿಗೆ ಇಲಾಖೆ ತೆರಿಗೆ ಕಟ್ಟದ ಫೆರಾರಿ, ಪೋರ್ಷೆಗಳನ್ನೇ ಹಿಡಿದು ನಿಲ್ಲಿಸಿತ್ತು.

ಪ್ರಶ್ನೆ: ಕಾರಿಗೆ ಮುಂದಿನ ವರ್ಷ ಹದಿನೈದು ತುಂಬುತ್ತದೆ. ಇಡೀ ಕಾರು ವಿದೇಶದಿಂದ ಬಂದದ್ದು. ಆರ್‌ಸಿ ನವೀಕರಣಕ್ಕೆ ಎಷ್ಟಾಗುತ್ತದೆ?
— ಓದುಗರು, ಮೈಸೂರು

ಉತ್ತರ: 2022ರ ಏಪ್ರಿಲ್‌ನಿಂದ ಕಾರಿಗೆ 5,000, ಆಮದು ಕಾರಿಗೆ 40,000 ರೂ. ನವೀಕರಣ ಐದು ವರ್ಷಕ್ಕೆ. ಇಪ್ಪತ್ತು ವರ್ಷ ದಾಟಿದರೆ 2025ರ ಹೊಸ ನಿಯಮದಂತೆ 10,000 ಮತ್ತು 80,000. ಹಸಿರು ತೆರಿಗೆ ಇದರ ಮುಂದೆ ಚಿಲ್ಲರೆ. ಅವಧಿಗೆ 60 ದಿನ ಮೊದಲಿನಿಂದ ಫಾರಂ 25ರಲ್ಲಿ ಅರ್ಜಿ ಹಾಕಬಹುದು, ತಡವಾದರೆ ತಿಂಗಳಿಗೆ 500. ಎಂಜಿನ್ ಲೈಟ್ ಉರಿಯುತ್ತಿರುವ ಕಾರನ್ನು ತಪಾಸಣೆಗೆ ಒಯ್ಯಬೇಡಿ.

ಪ್ರಶ್ನೆ: ದುಬೈಯಿಂದ ಊರಿಗೆ ವಾಪಸಾಗುತ್ತಿದ್ದೇನೆ. ಹತ್ತು ವರ್ಷದ ಪೋರ್ಷೆ ಕಯೆನ್ ತರಬಹುದೆ?
— ಓದುಗರು, ದುಬೈ

ಉತ್ತರ: ಆಗದು. ಬಳಸಿದ ಕಾರು ಮೂರು ವರ್ಷಕ್ಕಿಂತ ಹಳೆಯದಿರಬಾರದು, ಸ್ಟೀರಿಂಗ್ ಬಲಗಡೆ ಇರಬೇಕು. ನಿಮ್ಮದು ಎರಡರಲ್ಲೂ ನಪಾಸು. ಅಲ್ಲೇ ಮಾರಿ ಬನ್ನಿ.

ಪ್ರಶ್ನೆ: ಶೇ. 20 ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಹಳೆಯ ಕಾರಿಗೆ ಹಾನಿಯೆ? ಬೆಂಗಳೂರಿನ ಜೆ.ಸಿ. ರಸ್ತೆಯ ಸೆಕೆಂಡ್ ಹ್ಯಾಂಡ್ ಸಾಮಾನು ಹಾಕಿಸಬಹುದೆ?
— ಓದುಗರು, ತುಮಕೂರು

ಉತ್ತರ: ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದರಷ್ಟು ಶಕ್ತಿ ಕಡಿಮೆ. ಹಾಗಾಗಿ ಇ20ಯಲ್ಲಿ ಮೈಲೇಜು ಶೇ. 6–7 ಇಳಿಯುವುದು ಸಹಜ. ಹೆಚ್ಚಿನ ಚಿಂತೆ ನಿಂತ ಕಾರಿನದು. ಎಥನಾಲ್ ತೇವ ಹೀರುತ್ತದೆ, ಇ20ಗೆ ಮಾಡಿರದ ಹಳೆಯ ರಬ್ಬರ್ ಪೈಪು, ಸೀಲುಗಳನ್ನು ಊದಿಸುತ್ತದೆ. ಎರಡು ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಿ. ಮನೆ ಮುಂದೆ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದು ಬ್ಯಾಟರಿಗೂ ಕೆಟ್ಟದ್ದು, ಎಂಜಿನ್ನಿಗೂ ಕೆಟ್ಟದ್ದು. ಬಾನೆಟ್ ತೆರೆದಾಗ ಪೆಟ್ರೋಲ್ ವಾಸನೆ ಬಂದರೆ ಅವತ್ತೇ ಪೈಪುಗಳನ್ನು ತೋರಿಸಿ.

ಜೆ.ಸಿ. ರಸ್ತೆಯಲ್ಲಿ ಕನ್ನಡಿ, ಡೋರ್ ಹಿಡಿ, ಒಳಗಿನ ಟ್ರಿಮ್, ಸೀಟು ಧಾರಾಳವಾಗಿ ಕೊಳ್ಳಿ. ಹೆಡ್‌ಲೈಟ್ ಆದರೆ ಪಾರ್ಟ್ ನಂಬರ್ ಹೊಂದಿಸಿ, ಉರಿಸಿ ನೋಡಿ. ಬ್ರೇಕು, ಏರ್‌ಬ್ಯಾಗು, ಏರ್ ಸ್ಟ್ರಟ್, ವಾಟರ್ ಪಂಪು ಮಾತ್ರ ಹೊಸದೇ ಆಗಬೇಕು. ಕಂಟ್ರೋಲ್ ಯೂನಿಟ್ಟುಗಳನ್ನು ನಿಮ್ಮ ಕಾರಿನ ಚಾಸಿಸ್ ನಂಬರಿಗೆ ಕೋಡ್ ಮಾಡಿಕೊಡುವವರನ್ನು ಮೊದಲು ಗೊತ್ತುಮಾಡಿಕೊಂಡು, ಆಮೇಲೆ ದುಡ್ಡು ಕೊಡಿ.