ಬಕೆಟ್‌ನ ಟೊಮೆಟೊ ಗಿಡ ಹಸಿರಾಗಿದ್ದ ಹಾಗೇ ಬಾಡುವುದು ಯಾಕೆ?

ಕಾರವಾರದ ನಿಮ್ಮ ಮನೆಯಲ್ಲಿ ಬಕೆಟ್‌ಗೆ ನೆಟ್ಟ ಟೊಮೆಟೊ ಹೂ ಬಿಡುವ ಹೊತ್ತಿಗೆ ಎರಡೇ ದಿನದಲ್ಲಿ ಬಾಡಿತು, ಎಲೆ ಹಳದಿ ಕೂಡ ಆಗಲಿಲ್ಲ, ನೀರು ಸಾಲಲಿಲ್ಲವಾ ಅಂತ ಕೇಳಿದ್ದೀರಿ. ನೀರಿನ ತಪ್ಪಲ್ಲ ಅನ್ನಿಸುತ್ತದೆ. ನೀವು ಹೇಳಿದ ಲಕ್ಷಣ ದುಂಡಾಣು (ಬ್ಯಾಕ್ಟೀರಿಯಾ) ಸೊರಗು ರೋಗದ್ದು. ಕುಮಟಾದಲ್ಲಿ ನನ್ನ ಮೊದಲ ನಾಲ್ಕು ಗಿಡಗಳೂ ಹೀಗೇ ಹೋದವು. ಬಾಯಾರಿದೆ ಅಂದುಕೊಂಡು ನಾನು ಇನ್ನಷ್ಟು ನೀರು ಹಾಕಿದ್ದೆ.

ಖಾತ್ರಿ ಮಾಡಿಕೊಳ್ಳುವುದು ಸುಲಭ. ಸತ್ತ ಗಿಡದ ಬುಡದ ಹತ್ತಿರ ಒಂದು ಬೆರಳುದ್ದ ಕಾಂಡ ಕತ್ತರಿಸಿ. ಗಾಜಿನ ಲೋಟದ ತಿಳಿ ನೀರಿನಲ್ಲಿ ಅದರ ತುದಿ ಮಾತ್ರ ಮುಳುಗುವಂತೆ ಹಿಡಿಯಿರಿ, ಅಲುಗಾಡಿಸಬೇಡಿ. ಐದು ನಿಮಿಷದೊಳಗೆ ಹಾಲಿನಂಥ ಬಿಳಿ ಎಳೆ ಕೆಳಗಿಳಿದರೆ ಅದೇ ರೋಗ. ಆ ಬ್ಯಾಕ್ಟೀರಿಯಾ ಕಾಂಡದೊಳಗೆ ತುಂಬಿಕೊಂಡು ನೀರಿನ ದಾರಿ ಕಟ್ಟಿಬಿಡುತ್ತದೆ. ಅದನ್ನು ಮೊದಲ ಸಲ ನೋಡಿದಾಗ ನನಗೆ ನಿಜಕ್ಕೂ ಸಂಕಟವಾಯಿತು.

ಇದಕ್ಕೆ ಔಷಧಿ ಹೊಡೆದು ಪ್ರಯೋಜನವಿಲ್ಲ. ರೋಗ ಮಣ್ಣಿನಲ್ಲೇ ಇರುತ್ತದೆ. ಕರಾವಳಿಯ ಹುಳಿ ಮಣ್ಣು, ಸೆಕೆ, ತೇವ ಎಲ್ಲವೂ ಅದಕ್ಕೆ ಹಿತ. ಹಿತ್ತಲಲ್ಲಿ ಬದನೆ, ಮೆಣಸಿನಕಾಯಿ ಗಿಡ ಸತ್ತ ಜಾಗದ ಮಣ್ಣನ್ನು ಮಾತ್ರ ತರಬೇಡಿ, ಅವೂ ಟೊಮೆಟೊ ಕುಟುಂಬದವೇ. ನಾನೀಗ ಬೇರೆ ಕಡೆಯ ಕೆಂಪು ಮಣ್ಣು, ಹಳೇ ಸಗಣಿ ಗೊಬ್ಬರ, ತೆಂಗಿನ ನಾರಿನ ಪುಡಿ ಸಮ ಸಮ ಹಾಕುತ್ತೇನೆ. ನಾರಿನ ಪುಡಿಯಲ್ಲಿ ಉಪ್ಪಿರುತ್ತದೆ, ಎರಡು ಸಲ ತೊಳೆಯಲೇಬೇಕು. ನೆಡುವ ಎರಡು ವಾರ ಮೊದಲೇ ಬಕೆಟ್‌ಗೆ ಒಂದು ಚಮಚ ಸುಣ್ಣ ಬೆರೆಸಿಡುತ್ತೇನೆ. 20 ಲೀಟರಿನ ಪೇಂಟ್ ಬಕೆಟ್ ಸಾಕು, ತಳಕ್ಕೆ ಐದಾರು ತೂತು ಇರಲಿ. ಒಂದು ಬಕೆಟ್‌ನಿಂದ ಸೋರಿದ ನೀರು ಇನ್ನೊಂದಕ್ಕೆ ಹೋಗದಂತೆ ಕಲ್ಲಿನ ಮೇಲಿಡಿ.

ಎಲ್ಲಕ್ಕಿಂತ ಮುಖ್ಯ ತಳಿ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಈ ಸೊರಗನ್ನು ತಡೆಯುತ್ತದೆ, ಎಲೆ ಮುದುರು ರೋಗವನ್ನೂ ತಡೆಯುತ್ತದೆ. ಒಂದೂ ಸಾಯುವುದಿಲ್ಲ ಅಂತಲ್ಲ, ಆದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಗಿಡ ಎತ್ತರ ಹೋಗುತ್ತದೆ, ಕೋಲು ಕೊಡಿ.

ಸತ್ತ ಗಿಡವನ್ನು ಬೇರುಸಮೇತ ಸುಟ್ಟುಬಿಡಿ. ಆ ಮಣ್ಣು ತೆಂಗಿನ ಬುಡಕ್ಕೆ ಹೋಗಲಿ. ಬಕೆಟ್ ತಿಕ್ಕಿ ತೊಳೆದು ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ. ಚೌತಿ ಕಳೆದ ಮೇಲೆ ಬೀಜ ಹಾಕಿ, ಮಳೆ ನಿಲ್ಲುವ ಹೊತ್ತಿಗೆ ಸಸಿ ನೆಡಲು ಬರುತ್ತದೆ.