ಯುದ್ಧದ ಸಿನಿಮಾ ಎಷ್ಟು ನಿಜ? ಕಿವಿ ಕೊಟ್ಟು ನೋಡಿ

ನಮಸ್ಕಾರ ಸರ್. ಪಿಯುಸಿ ಮುಗಿಸಿದ ಮಗ ಸೈನ್ಯಕ್ಕೆ ಸೇರುತ್ತೇನೆ ಅಂತ ಹಟ ಹಿಡಿದಿದ್ದಾನೆ, ದಿನಾ ರಾತ್ರಿ ಒಂದು ಯುದ್ಧದ ಸಿನಿಮಾ ಹಾಕಿಕೊಂಡು ಕೂರುತ್ತಾನೆ ಅಂತ ಬರೆದಿದ್ದೀರಿ. ‘ಬಾರ್ಡರ್’, ‘ಸೇವಿಂಗ್ ಪ್ರೈವೇಟ್ ರಯಾನ್’, ‘1917’, ಈ ಮೂರರಲ್ಲಿ ಯಾವುದು ನಿಜಕ್ಕೆ ಹತ್ತಿರ, ಬೇರೆ ಒಳ್ಳೆಯದು ಇದ್ದರೆ ಹೇಳಿ ಅಂತಲೂ ಕೇಳಿದ್ದೀರಿ. ಅದರ ಕೆಳಗೆ ಒಬ್ಬರು ‘ರಕ್ತ ಜಾಸ್ತಿ ಇದ್ದಷ್ಟೂ ನಿಜ’ ಅಂತ ಉತ್ತರ ಕೊಟ್ಟಿದ್ದಾರೆ. ಅದನ್ನು ಓದಿದ ಮೇಲೆ ಸುಮ್ನೆ ಇರಲು ಆಗಲಿಲ್ಲ. ಸ್ವಲ್ಪ ಉದ್ದ ಆಗುತ್ತದೆ, ಚಹಾ ಇಟ್ಟುಕೊಂಡು ಓದಿ.

ಮೊದಲೇ ಹೇಳಿಬಿಡುತ್ತೇನೆ, ನಾನು ಯುದ್ಧ ನೋಡಿದವನಲ್ಲ. ಕಾರ್ಗಿಲ್ ಮುಗಿದ ಮೇಲೆ ಸೈನ್ಯದ ಸಂಪರ್ಕ ವಿಭಾಗವಾದ ಸಿಗ್ನಲ್ಸ್‌ಗೆ ಸೇರಿ, 17 ವರ್ಷ ಇದ್ದು, ಹವಾಲ್ದಾರ್ ಆಗಿ ಊರಿಗೆ ಬಂದೆ. ಲಡಾಖ್‌ನಲ್ಲಿ ಎರಡು ಚಳಿಗಾಲ ಕಳೆದಿದ್ದೇನೆ. ಗುಂಡಿನ ಸದ್ದು, ರೇಡಿಯೋ ಸೆಟ್ಟು, ಚಳಿ, ಏದುಸಿರು, ಇಷ್ಟರ ಬಗ್ಗೆ ನನ್ನ ಮಾತು ನಂಬಬಹುದು. ಮಿಕ್ಕಿದ್ದು ಓದಿ, ಹಿರಿಯ ಫೌಜಿಗಳ ಹತ್ತಿರ ಕೇಳಿ ತಿಳಿದದ್ದು.

ಸದ್ದಿನಿಂದಲೇ ಶುರು ಮಾಡುತ್ತೇನೆ. ತರಬೇತಿಯಲ್ಲಿ ಫೈರಿಂಗ್ ರೇಂಜಿಗೆ ಹೋದಾಗ ಸರದಿ ಪ್ರಕಾರ ‘ಬಟ್ ಪಾರ್ಟಿ’ ಡ್ಯೂಟಿ ಬೀಳುತ್ತದೆ. ಟಾರ್ಗೆಟ್‌ಗಳ ಕೆಳಗೆ ಆಳವಾದ ಗುಂಡಿ, ಅದರೊಳಗೆ ನಾವು. ಗುಂಡು ಹೊಕ್ಕ ತೂತಿಗೆ ಮೈದಾ ಅಂಟು ಹಚ್ಚಿ ಕಾಗದದ ತುಂಡು ಅಂಟಿಸುವುದು ಕೆಲಸ. ಹೊಡೆಯುವವರು 300 ಮೀಟರ್ ಆಚೆ. ಮೊದಲ ಗುಂಡು ತಲೆಯ ಮೇಲೆ ಹೋದಾಗ ಕೇಳಿಸಿದ್ದು ‘ಢಂ’ ಅಲ್ಲ. ಯಾರೋ ಕಿವಿಯ ಪಕ್ಕದಲ್ಲೇ ಚಾಟಿ ಬೀಸಿದ ಹಾಗೆ ‘ಛಟ್’. ಅದಾದ ಮೇಲೆ ದೂರದಿಂದ ಮೆತ್ತಗೆ ‘ಧಬ್’. ಇಬ್ಬರು ಬೇರೆ ಬೇರೆ ಜಾಗದಿಂದ ಹೊಡೆಯುತ್ತಿದ್ದಾರೆ ಅಂದುಕೊಂಡು ಬಗ್ಗಿಬಿಟ್ಟೆ. ಕೈಯಲ್ಲಿದ್ದ ಅಂಟಿನ ಡಬ್ಬಿ ಪಕ್ಕದವನ ಬೂಟಿನ ಮೇಲೆ. ತರಬೇತಿ ಕೊಡುವ ಉಸ್ತಾದರು ಹೊಟ್ಟೆ ಹಿಡಿದುಕೊಂಡು ನಕ್ಕರು.

ರೈಫಲ್ಲಿನ ಗುಂಡು ಸದ್ದಿಗಿಂತ ವೇಗ. ಗುಂಡೇ ಗಾಳಿ ಸೀಳುವ ಸದ್ದು ಮೊದಲು ಕೇಳಿಸುತ್ತದೆ, ಬಂದೂಕಿನ ಬಾಯಿಯ ಸದ್ದು ಆಮೇಲೆ. 300 ಮೀಟರಿಗೆ ಎರಡರ ನಡುವೆ ಹತ್ತಿರ ಹತ್ತಿರ ಅರ್ಧ ಸೆಕೆಂಡು ಅಂತರ. ಆ ಅಂತರ ಹಿಡಿದೇ ಶತ್ರು ಎಷ್ಟು ದೂರದಲ್ಲಿದ್ದಾನೆ ಅಂತ ಅಂದಾಜು ಮಾಡಲು ಕಲಿಸುತ್ತಾರೆ. ಎಷ್ಟೋ ಸಿನಿಮಾಗಳಲ್ಲಿ ಅರ್ಧ ಕಿಲೋಮೀಟರ್ ಆಚೆ ಹೊಡೆದರೂ ಸದ್ದು, ಹೊಗೆ, ಬೀಳುವ ಮನುಷ್ಯ ಎಲ್ಲಾ ಒಂದೇ ಕ್ಷಣಕ್ಕೆ. ಮಗನಿಗೆ ಇದೊಂದನ್ನು ಹೇಳಿಕೊಡಿ. ಆಮೇಲೆ ಅವನು ಸಿನಿಮಾ ನೋಡುವ ರೀತಿಯೇ ಬದಲಾಗುತ್ತದೆ.

‘ಸೇವಿಂಗ್ ಪ್ರೈವೇಟ್ ರಯಾನ್’ (1998) ಇಲ್ಲೇ ಗೆಲ್ಲುವುದು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರು ಇಳಿದ ಫ್ರಾನ್ಸಿನ ಒಮಾಹಾ ಕಡಲತೀರದ ಆ ಮೊದಲ ದೃಶ್ಯದಲ್ಲಿ ಎಲ್ಲರೂ ರಕ್ತ ನೋಡುತ್ತಾರೆ. ನೀವು ಒಂದು ಸಲ ಹೆಡ್‌ಫೋನ್ ಹಾಕಿ ಕಣ್ಣು ಮುಚ್ಚಿ ಕೇಳಿ. ಕಬ್ಬಿಣದ ಅಡ್ಡಗಟ್ಟೆಗಳಿಗೆ ಗುಂಡು ತಾಗುವ ಸದ್ದು, ನೀರೊಳಗೆ ಮುಳುಗಿದಾಗ ಎಲ್ಲಾ ಮಂಕಾಗುವುದು, ಶೆಲ್ ಸಿಡಿದ ಮೇಲೆ ಕಿವಿ ಹೋಗುವುದು. ಯಾರು ಎಲ್ಲಿಂದ ಹೊಡೆಯುತ್ತಿದ್ದಾರೆ ಅಂತ ಯಾರಿಗೂ ಗೊತ್ತಿಲ್ಲ. ಡೇಲ್ ಡೈ ಅನ್ನುವ ನಿವೃತ್ತ ಮರೀನ್ ಕ್ಯಾಪ್ಟನ್ ನಟರನ್ನು ಮಳೆಯಲ್ಲಿ, ಕೆಸರಲ್ಲಿ ಮಲಗಿಸಿ ತರಬೇತಿ ಕೊಟ್ಟಿದ್ದರು. ಅದು ಅವರ ನಡಿಗೆಯಲ್ಲೇ ಕಾಣುತ್ತದೆ.

ಆದರೂ ತಪ್ಪುಗಳಿವೆ. ನೀರಿನ ಆಳದಲ್ಲಿರುವ ಸೈನಿಕರಿಗೂ ಗುಂಡು ತೂರಿಕೊಂಡು ಹೋಗಿ ತಾಗುತ್ತದೆ, ನೋಡಿ. ರೈಫಲ್ಲಿನ ಗುಂಡು ಮೂರು ನಾಲ್ಕು ಅಡಿ ನೀರಿನಲ್ಲೇ ಜೀವ ತೆಗೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಅಷ್ಟು ವೇಗಕ್ಕೆ ನೀರು ಗೋಡೆ ಇದ್ದ ಹಾಗೆ. ಶೂಟಿಂಗ್ ಆದದ್ದು ಐರ್ಲೆಂಡಿನ ವೆಕ್ಸ್‌ಫರ್ಡ್ ಕಡಲತೀರದಲ್ಲಿ, ಹಾಗಾಗಿ ಓಡಬೇಕಾದ ಮರಳು ಕಿರಿದಾಗಿ ಕಾಣುತ್ತದೆ. 1944ರ ಜೂನ್ 6ರ ಬೆಳಿಗ್ಗೆ ನೀರು ಇಳಿದಿದ್ದ ಹೊತ್ತಲ್ಲಿ ಇಳಿದವರು ಇನ್ನೂ ಎಷ್ಟೋ ದೂರ ಬಯಲಲ್ಲೇ ದಾಟಬೇಕಿತ್ತು. ಕೊನೆಯಲ್ಲಿ ಬರುವ ಜರ್ಮನ್ ಟೈಗರ್ ಟ್ಯಾಂಕಿನ ಅಡಿಪಾಯ ರಷ್ಯಾದ ಟಿ-34 ಟ್ಯಾಂಕು. ಮೇಲೆ ಮಾತ್ರ ವೇಷ. ಇದು ಕ್ಷಮಿಸಬಹುದಾದ ತಪ್ಪು, ಓಡುವ ಟೈಗರ್ ಎಲ್ಲಿಂದ ತರುತ್ತಾರೆ ಅಲ್ವಾ?

ಇನ್ನು ‘ಬಾರ್ಡರ್’ (1997). ಬೈಗುಳ ಬೀಳುತ್ತದೆ ಅಂತ ಗೊತ್ತು, ಆದರೂ ಹೇಳುತ್ತೇನೆ. ನನಗೂ ಇಷ್ಟದ ಸಿನಿಮಾನೇ. ಊರಿಂದ ಬಂದ ಪತ್ರ ಓದುವ ಹಾಡಿಗೆ ಬ್ಯಾರಕ್ಕಿನಲ್ಲಿ ಅಳದೇ ಇದ್ದವರನ್ನು ನಾನು ಕಂಡಿಲ್ಲ. ಆದರೆ ಸಿನಿಮಾದ ಕಥೆ ನಡೆಯುವ ರಾಜಸ್ಥಾನದ ಗಡಿ ಪೋಸ್ಟ್ ಲೋಂಗೇವಾಲದಲ್ಲಿ ನಿಜವಾಗಿ ನಡೆದದ್ದು ಬೇರೆ. 1971ರ ಡಿಸೆಂಬರ್ 4ರ ರಾತ್ರಿ ಅಲ್ಲಿದ್ದದ್ದು ಪಂಜಾಬ್ ರೆಜಿಮೆಂಟಿನ 23ನೇ ಬೆಟಾಲಿಯನ್ನಿನ ಒಂದು ಕಂಪನಿ, ಸುಮಾರು 120 ಜನ. ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿ ಕಮಾಂಡರ್. ಎದುರಿಗೆ ಪಾಕಿಸ್ತಾನದ ನಲವತ್ತಕ್ಕೂ ಹೆಚ್ಚು ಟ್ಯಾಂಕ್, ಅವುಗಳ ಹಿಂದೆ ಸಾವಿರಾರು ಸೈನಿಕರ ಇಡೀ ಬ್ರಿಗೇಡ್. ಸಿನಿಮಾದಲ್ಲಿ ನಮ್ಮವರು ಒಬ್ಬೊಬ್ಬರಾಗಿ ಪ್ರಾಣ ಕೊಡುತ್ತಾರೆ. ನಿಜದಲ್ಲಿ ಆ ರಾತ್ರಿ ನಮ್ಮ ಕಡೆ ತೀರಿಕೊಂಡವರು ಇಬ್ಬರು. ಸುನೀಲ್ ಶೆಟ್ಟಿ ಮಾಡಿದ ಬಿಎಸ್‌ಎಫ್‌ನ ಭೈರೋನ್ ಸಿಂಗ್ ಸಿನಿಮಾದಲ್ಲಿ ಸಾಯುತ್ತಾರೆ. ನಿಜವಾದ ಭೈರೋನ್ ಸಿಂಗ್ ರಾಥೋಡ್ 2022ರ ಡಿಸೆಂಬರ್‌ವರೆಗೆ ಬದುಕಿದ್ದರು. ತಾನು ಸಾಯುವುದನ್ನು ತಾನೇ ಪರದೆ ಮೇಲೆ ನೋಡುವುದು ಹೇಗಿರಬಹುದು, ಯೋಚನೆ ಮಾಡಿ.

ನನಗೆ ನಿಜವಾದ ಕಥೆಯೇ ಜಾಸ್ತಿ ಮೈ ಝುಂ ಅನ್ನಿಸುತ್ತದೆ. ಪೋಸ್ಟ್ ಇದ್ದದ್ದು ಎತ್ತರದ ಮರಳು ದಿಬ್ಬದ ಮೇಲೆ. ಟ್ಯಾಂಕುಗಳು ತೀರಾ ಹತ್ತಿರ ಬರುವವರೆಗೂ ಇವರು ಜೀಪಿನ ಮೇಲಿನ, ಟ್ಯಾಂಕ್ ಒಡೆಯುವ 106 ಎಂಎಂ ಆರ್‌ಸಿಎಲ್ ಗನ್ನಿನಿಂದ ಹೊಡೆಯದೆ ಕಾದರು. ಮುಂದೆ ಹಾಕಿದ್ದ ಮುಳ್ಳುತಂತಿ ನೋಡಿ ಎದುರಿನವರು ನೆಲದಲ್ಲಿ ಮೈನ್ (ನೆಲಬಾಂಬು) ಹೂತಿದ್ದಾರೆ ಅಂದುಕೊಂಡು ಗಂಟೆಗಟ್ಟಲೆ ನಿಂತುಬಿಟ್ಟರು. ಮೆತ್ತನೆ ಮರಳಲ್ಲಿ ಟ್ಯಾಂಕುಗಳು ಸಿಕ್ಕಿಹಾಕಿಕೊಂಡವು. ಜೈಸಲ್ಮೇರ್‌ನಲ್ಲಿದ್ದ ನಮ್ಮ ವಾಯುಪಡೆಯ ಹಂಟರ್ ವಿಮಾನಗಳಿಗೆ ರಾತ್ರಿ ಹೋರಾಡುವ ಉಪಕರಣ ಇರಲಿಲ್ಲ. ಅಂದರೆ ಬೆಳಕು ಹರಿಯುವವರೆಗೂ ಜಾಗ ಬಿಟ್ಟು ಕದಲಬಾರದು, ಅಷ್ಟೇ. ಬೆಳಿಗ್ಗೆ ಹಂಟರ್‌ಗಳು ಬಂದವು, ಬಯಲಲ್ಲಿ ಸಿಕ್ಕಿದ ಟ್ಯಾಂಕುಗಳನ್ನು ಒಂದೊಂದಾಗಿ ಹೊಡೆದವು. ಆ ಹೊತ್ತಿನ ಒಂದು ಫೋಟೋ ಇದೆ, ವಿಮಾನದಿಂದ ತೆಗೆದದ್ದು. ತಪ್ಪಿಸಿಕೊಳ್ಳಲು ಟ್ಯಾಂಕುಗಳು ಸುತ್ತು ಹೊಡೆದ ಗುರುತು ಮರಳ ಮೇಲೆ, ಚಿಕ್ಕ ಮಗು ರಂಗೋಲಿ ಗೀಚಿದ ಹಾಗೆ. ಮಗನಿಗೆ ಸಿನಿಮಾ ತೋರಿಸಿದ ಮೇಲೆ ಆ ಫೋಟೋ ಹುಡುಕಿ ತೋರಿಸಿ. ಕೂಗಾಟ, ಡೈಲಾಗು, ಕೈಕೈ ಮಿಲಾಯಿಸುವುದು, ಇದೆಲ್ಲಾ ಆ ರಾತ್ರಿಗಿಂತ ಸಿನಿಮಾಗೆ ಬೇಕಿತ್ತು.

ಮೊದಲನೇ ಮಹಾಯುದ್ಧದ ‘1917’ (2019) ಬಗ್ಗೆ ನನ್ನದು ಸಿಗ್ನಲ್ಸ್‌ನವನ ತಕರಾರು. ಕಂದಕಗಳು, ಕೆಸರು, ಸತ್ತ ಕುದುರೆಗಳು, ಹುಡುಗರು ಸಿಕ್ಕಲ್ಲೆಲ್ಲಾ ಕೂತು ನಿದ್ದೆ ಮಾಡುವುದು, ಎಲ್ಲಾ ಸೊಗಸಾಗಿದೆ. ಜರ್ಮನರು ಬೇಕಂತಲೇ ಹಿಂದೆ ಸರಿದು ಹಿಂಡೆನ್‌ಬರ್ಗ್ ರೇಖೆ ಅನ್ನುವ ಭದ್ರವಾದ ರಕ್ಷಣಾ ಸಾಲಿಗೆ ಹೋದದ್ದು, ಹೋಗುವಾಗ ಮರ ಕಡಿದು ಬಾವಿ ಕೆಡಿಸಿದ್ದು ಇತಿಹಾಸ. ಆದರೆ 1600 ಜನರ ಜೀವ ಉಳಿಸುವ ಸಂದೇಶವನ್ನು ಇಬ್ಬರ ಕೈಗೆ ಕೊಟ್ಟು, ಒಂದೇ ದಾರಿಯಲ್ಲಿ ಕಳಿಸಿ ಸುಮ್ಮನಾಗುತ್ತಾರಾ? ಮುಖ್ಯವಾದ ಸಂದೇಶ ಒಂದೇ ದಾರಿ ನಂಬಿ ಹೋಗುವುದಿಲ್ಲ. ಆಗಲೂ ಹಾಗೇ ಇತ್ತು. ಬೇರೆ ಬೇರೆ ದಾರಿಯಲ್ಲಿ ಓಟಗಾರರು, ಪಾರಿವಾಳ, ವಿಮಾನದಿಂದ ಎಸೆಯುವ ಚೀಲ, ಎಲ್ಲಾ ಇದ್ದವು. ಲಾರಿಯಲ್ಲಿ ಒಬ್ಬ ಸಿಖ್ ಸೈನಿಕ ಕೂತಿರುವುದಕ್ಕೆ ದೊಡ್ಡ ಗಲಾಟೆ ಆಗಿತ್ತು. ನಮ್ಮ ಪದಾತಿ ದಳಗಳು 1915ರ ಕೊನೆಗೇ ಫ್ರಾನ್ಸ್ ಬಿಟ್ಟಿದ್ದವು ನಿಜ, ಆದರೆ ಅಶ್ವದಳದವರು 1917ರಲ್ಲಿ ಅಲ್ಲೇ ಇದ್ದರು. ಬ್ರಿಟಿಷ್ ಹುಡುಗರ ನಡುವೆ ಒಬ್ಬನೇ ಕೂತಿರುವುದು ಅಪರೂಪ, ಭಾರತೀಯರೇ ಇರಲಿಲ್ಲ ಅನ್ನುವುದು ಸುಳ್ಳು. ಈ ಸಿನಿಮಾ ಜೊತೆಗೆ ‘ದೇ ಶಲ್ ನಾಟ್ ಗ್ರೋ ಓಲ್ಡ್’ (2018) ನೋಡಿಸಿ. ಅದು ನಟರದ್ದಲ್ಲ, ಆ ಕಾಲದ ನಿಜವಾದ ರೀಲುಗಳಿಗೆ ಬಣ್ಣ ಹಚ್ಚಿದ್ದು. ತುಟಿ ಓದುವವರನ್ನು ಕರೆಸಿ ಸೈನಿಕರು ಏನು ಮಾತಾಡುತ್ತಿದ್ದರು ಅಂತ ಪತ್ತೆ ಮಾಡಿ ದನಿ ಕೊಟ್ಟಿದ್ದಾರೆ. ಆ ಹುಡುಗರ ಹಲ್ಲು ನೋಡಿ. ಯಾವ ಹೀರೋಗೂ ಅಂಥ ಹಲ್ಲು ಇರುವುದಿಲ್ಲ.

ರೇಡಿಯೋ ವಿಷಯ ಬಂತು, ಇದನ್ನೂ ಹೇಳಿಬಿಡುತ್ತೇನೆ. ‘ಓವರ್ ಅಂಡ್ ಔಟ್’ ಅನ್ನುವ ಸಿನಿಮಾ ಬಂದರೆ ನನಗೆ ಮೈ ಉರಿಯುತ್ತದೆ. ‘ಓವರ್’ ಅಂದರೆ ನನ್ನದು ಮುಗಿಯಿತು, ಈಗ ನೀನು ಹೇಳು. ‘ಔಟ್’ ಅಂದರೆ ಮಾತೇ ಮುಗಿಯಿತು. ಎರಡೂ ಒಟ್ಟಿಗೆ ಹೇಳಿದರೆ ‘ಹೇಳು, ಆದರೆ ನಾನು ಕೇಳಲ್ಲ’ ಅಂದ ಹಾಗೆ. ಕೇಳಿಸದಿದ್ದರೆ ‘ರಿಪೀಟ್’ ಅನ್ನುವುದೂ ತಪ್ಪು, ತೋಪಿನವರಿಗೆ ಅದು ‘ಇನ್ನೊಮ್ಮೆ ಹೊಡಿ’ ಅಂತ ಅರ್ಥ. ‘ಸೇ ಅಗೇನ್’ ಅನ್ನಬೇಕು. ‘ಶೇರ್‌ಷಾ’ದಲ್ಲಿ (2021) ಕ್ಯಾಪ್ಟನ್ ವಿಕ್ರಮ್ ಬಾತ್ರಾ ಸೆಟ್ಟಿನಲ್ಲಿ ‘ಯೇ ದಿಲ್ ಮಾಂಗೇ ಮೋರ್’ ಅನ್ನುತ್ತಾರಲ್ಲ, ಅದು ಮಾತ್ರ ಕಟ್ಟಿದ್ದಲ್ಲ. ಕಾರ್ಗಿಲ್ ಯುದ್ಧದಲ್ಲಿ ಪಾಯಿಂಟ್ 5140 ಅನ್ನುವ ಶಿಖರ ಕೈಗೆ ಬಂದ ಮೇಲೆ ಅವರು ಕೊಟ್ಟ ಗೆಲುವಿನ ಸಂಕೇತವೇ ಅದು.

ಕಾರ್ಗಿಲ್ ಸಿನಿಮಾಗಳಲ್ಲಿ ನನಗೆ ಕೊರತೆ ಅನ್ನಿಸುವುದು ಉಸಿರು. ಟೈಗರ್ ಹಿಲ್ 16,000 ಅಡಿಗಿಂತ ಎತ್ತರ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಮಂಗಳೂರಿನಲ್ಲಿ ಸಿಗುವುದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅದಕ್ಕೇ ನಮ್ಮನ್ನು ಮೇಲೆ ಕಳಿಸುವ ಮುಂಚೆ ಮೂರು ಹಂತದಲ್ಲಿ 6, 4, 4 ಹೀಗೆ ಒಟ್ಟು 14 ದಿನ ಒಗ್ಗಿಸುತ್ತಾರೆ. ಒಗ್ಗಿದ ಮೇಲೂ ಪಿಟ್ಟು (ಬೆನ್ನಚೀಲ) ಬೆನ್ನಿಗೇರಿಸಿ ಇಪ್ಪತ್ತು ಹೆಜ್ಜೆ ಹತ್ತಿದರೆ ನಿಲ್ಲಬೇಕು. ಸೆಟ್ಟಿನ ಬ್ಯಾಟರಿ ಚಳಿಗೆ ಸಾಯುತ್ತದೆ ಅಂತ ನಾನು ರಾತ್ರಿ ಸ್ಲೀಪಿಂಗ್ ಬ್ಯಾಗ್ ಒಳಗೆ, ಹೊಟ್ಟೆಗೆ ಒತ್ತಿಕೊಂಡು ಮಲಗುತ್ತಿದ್ದೆ. ಬೆಳಿಗ್ಗೆ ಬುಖಾರಿಯ (ಕೋಣೆ ಬೆಚ್ಚಗಿಡುವ ಒಲೆ) ಸೀಮೆಎಣ್ಣೆ ಮಸಿಗೆ ಮೂಗು ಒರೆಸಿದರೆ ಕರವಸ್ತ್ರ ಕಪ್ಪು. ಸಿನಿಮಾದಲ್ಲಿ ಅದೇ ಎತ್ತರದಲ್ಲಿ ಓಡಿಕೊಂಡು ಭಾಷಣ ಮಾಡುತ್ತಾರೆ. ‘ಲಕ್ಷ್ಯ’ (2004) ಸ್ವಲ್ಪ ವಾಸಿ, ಲಡಾಖ್‌ನ ಒಣ ಬೆಟ್ಟ, ರಾತ್ರಿ ಹಗ್ಗ ಹಿಡಿದು ಹತ್ತುವ ಕಷ್ಟ ಅದರಲ್ಲಿದೆ.

ಗ್ರೆನೇಡ್ ಬಗ್ಗೆ ಎರಡೇ ಮಾತು. ಸಿಡಿದರೆ ಕೆಂಪು ಬೆಂಕಿಯ ಉಂಡೆ ಬರುವುದಿಲ್ಲ, ಬೂದು ಧೂಳು ಮತ್ತು ಚೂರುಗಳು. ಹಲ್ಲಿನಲ್ಲಿ ಪಿನ್ ಎಳೆಯಲು ಹೋದರೆ ಪಿನ್ ಬರಲ್ಲ, ಹಲ್ಲು ಬರುತ್ತದೆ.

ನಮ್ಮ ಕಡೆಯ ಸಂಬಂಧ ಬೇಕು ಅಂದರೆ ‘ಸ್ಕೈ ಫೋರ್ಸ್’ (2025). ಹೆಸರು ಬದಲಾಯಿಸಿದ್ದಾರೆ, ಮಸಾಲೆ ಧಾರಾಳ. ಆದರೆ ಅದರ ಹಿಂದಿರುವುದು ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ ಹಳೆಯ ಮಿಸ್ಟೇರ್ ವಿಮಾನ ಇಟ್ಟುಕೊಂಡು, ಅದಕ್ಕಿಂತ ಎಷ್ಟೋ ವೇಗದ ಪಾಕಿಸ್ತಾನಿ ಸ್ಟಾರ್‌ಫೈಟರ್ ವಿಮಾನ ಒಂದನ್ನು ಕೆಡವಿ, ವಾಪಸ್ ಬರಲೇ ಇಲ್ಲ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಸಿನಿಮಾ ಬಿಟ್ಟರೂ ಪರವಾಗಿಲ್ಲ, ಇವರ ಬಗ್ಗೆ ಓದಿಸಿ.

ಕೊನೆಗೆ, ನನ್ನನ್ನು ಒಂದೇ ಹೆಸರು ಹೇಳು ಅಂದರೆ ಜರ್ಮನಿಯ ‘ದಾಸ್ ಬೂಟ್’ (1981). ಸಬ್‌ಮರೀನ್ ಕಥೆ. ಮೊದಲರ್ಧ ಏನೂ ನಡೆಯುವುದಿಲ್ಲ ಅಂತ ಮಗ ಗೊಣಗುತ್ತಾನೆ. ಅದೇ ಅದರ ನಿಜ. ಫೌಜಿನಲ್ಲಿ ನೂರು ದಿನ ಕಾಯುವುದು, ಒಂದು ದಿನ ಗಾಬರಿ. ಕೊಳವೆಗಳ ನಡುವೆ ಸಾಸೇಜು, ಬಾಳೆಹಣ್ಣು ತೂಗಾಡುತ್ತವೆ, ಬ್ರೆಡ್ಡಿಗೆ ಬೂಸ್ಟು ಹಿಡಿಯುತ್ತದೆ, ಇರುವ ಎರಡು ಕಕ್ಕಸಿನಲ್ಲಿ ಒಂದು ಉಗ್ರಾಣವಾಗಿರುತ್ತದೆ, ಸುಮಾರು ಐವತ್ತು ಜನಕ್ಕೆ ಉಳಿದದ್ದು ಒಂದೇ. ಶೂಟಿಂಗ್ ಸುಮಾರು ಒಂದು ವರ್ಷ ಕಥೆಯ ಕ್ರಮದಲ್ಲೇ ನಡೆಯಿತು, ನಟರನ್ನು ಬಿಸಿಲಿಗೆ ಬಿಡಲಿಲ್ಲ. ಹಾಗಾಗಿ ಗಡ್ಡವೂ ನಿಜ, ಬಿಳಿಚಿದ ಮುಖವೂ ನಿಜ. ಮೇಲೆ ಶತ್ರು ಹಡಗು ಹುಡುಕುವಾಗ ‘ಟಿಣ್... ಟಿಣ್...’ ಅನ್ನುವ ಸದ್ದು ಹತ್ತಿರವಾಗುತ್ತಾ ಬರುತ್ತದೆ, ಒಳಗೆ ಒಬ್ಬರೂ ಕೆಮ್ಮುವ ಹಾಗಿಲ್ಲ. ಆ ದೃಶ್ಯ ಒಂದು ಹನಿ ರಕ್ತ ಇಲ್ಲದೆ ಕೂತಲ್ಲೇ ಬೆವರಿಸುತ್ತದೆ. ರಕ್ತದ ಲೆಕ್ಕ ಹೇಳಿದ ಅಣ್ಣನೂ ನೋಡಲಿ.

‘ದಾಸ್ ಬೂಟ್’ನಲ್ಲಿ ಬೇರೆ ಬೇರೆ ಉದ್ದದ ಎರಡು ಮೂರು ಆವೃತ್ತಿಗಳಿವೆ. 149 ನಿಮಿಷದ್ದು ಬೇಡ, 208 ನಿಮಿಷದ ನಿರ್ದೇಶಕರ ಆವೃತ್ತಿ ಹುಡುಕಿ. ಜರ್ಮನ್ ಮಾತೇ ಇರಲಿ, ಕೆಳಗೆ ಅಕ್ಷರ ಹಾಕಿಕೊಳ್ಳಿ, ಇಂಗ್ಲಿಷ್ ಡಬ್ಬಿಂಗ್‌ನಲ್ಲಿ ಪಿಸುಮಾತಿನ ಬಿಗಿ ಹೋಗುತ್ತದೆ. ಊಟ ಬೇಗ ಮುಗಿಸಿ, ಫ್ಯಾನ್ ಆರಿಸಿ ಕೂತುಕೊಳ್ಳಿ. ಸಿಗದಿದ್ದರೆ ನನಗೆ ಮೆಸೇಜ್ ಮಾಡಿ, ನನ್ನ ಹತ್ತಿರ ಡಿವಿಡಿ ಇದೆ. ವಾಪಸ್ ಕೊಡಬೇಕು, ಹೋದ ಸಲ ಒಬ್ಬರು ತೆಗೆದುಕೊಂಡು ಹೋಗಿ ಎಂಟು ತಿಂಗಳು ಇಟ್ಟುಕೊಂಡಿದ್ದರು.