ಹೊಸ ಸ್ಪೋರ್ಟ್ಸ್ ಕಾರು: ಮೊದಲ ಸಾವಿರಾರು ಕಿಲೋಮೀಟರುಗಳ ಪ್ರಶ್ನೆಗಳು

ದಸರೆಗೋ ದೀಪಾವಳಿ ಪಾಡ್ಯಕ್ಕೋ ಮುಹೂರ್ತ ನೋಡಿ ಕಾರು ಬಿಡಿಸಿಕೊಂಡವರ ಪತ್ರಗಳು ತಿಂಗಳೊಪ್ಪತ್ತಿನಲ್ಲಿ ನನ್ನ ಮೇಜಿಗೆ ಬಂದು ಬೀಳುತ್ತವೆ. ಪುಣೆ, ಠಾಣೆ, ಅಂಧೇರಿ, ಮಡಗಾಂವ್ ಎಂದು ಊರು ಬದಲಾಗುತ್ತದೆ, ಪ್ರಶ್ನೆ ಬದಲಾಗುವುದಿಲ್ಲ. ಕೋಟಿಯ ಹತ್ತಿರ ಹಣ ಸುರಿದು ತಂದ ಕಾರಿನ ಜೊತೆಗೇ ಬಂದ ಪುಸ್ತಕವನ್ನು ಬಿಡಿಸಿಯೂ ನೋಡಿಲ್ಲ ಎಂಬುದು ಪತ್ರದ ಮೊದಲ ಸಾಲಿನಲ್ಲೇ ತಿಳಿಯುತ್ತದೆ. ನನಗೆ ಸಿಟ್ಟು ಬರುವುದು ಅಲ್ಲಿ. ಎಂಜಿನ್ ಬಿಚ್ಚಿ ಜೋಡಿಸುವುದು ನನ್ನ ಕಸುಬು. ಮೊದಲ ತಿಂಗಳುಗಳಲ್ಲಿ ಕೆಡಿಸಿಕೊಂಡದ್ದನ್ನು ನಾಲ್ಕೈದು ವರ್ಷದ ಮೇಲೆ ಸರಿ ಮಾಡಿಸಲು ಜನ ಪುಣೆಯ ನಮ್ಮ ವರ್ಕ್‌ಶಾಪಿಗೆ ಬರುತ್ತಾರೆ, ಅಷ್ಟು ಹೊತ್ತಿಗೆ ವಾರಂಟಿ ಮುಗಿದಿರುತ್ತದೆ. ಆದ್ದರಿಂದ ಈ ಸಲ ಒಂದು ಪ್ರಶ್ನೆಗೆ ಪೂರ್ತಿ ಉತ್ತರ ಕೊಡುತ್ತೇನೆ, ಉಳಿದವಕ್ಕೆ ಬೇಕಾದಷ್ಟು.

ಪ್ರಶ್ನೆ: ಟರ್ಬೊ ಪೆಟ್ರೋಲ್ ಎಂಜಿನ್ನಿನ ಎರಡು ಬಾಗಿಲಿನ ಕಾರು ತೆಗೆದುಕೊಂಡಿದ್ದೇನೆ. ಮೊದಲ ಸಾವಿರ ಕಿಲೋಮೀಟರು ಅರವತ್ತರ ವೇಗ ದಾಟಬೇಡ ಎನ್ನುತ್ತಾರೆ ಸೋದರಮಾವ. ಈಗಿನ ಎಂಜಿನ್‌ಗೆ ರನ್ನಿಂಗ್-ಇನ್, ಅಂದರೆ ಮೊದಮೊದಲು ಪಳಗಿಸುವ ಓಟ, ಬೇಕೇ ಇಲ್ಲ ಎನ್ನುತ್ತಾನೆ ಷೋರೂಮಿನ ಹುಡುಗ. ಮೊದಲ ದಿನವೇ ಎಂಜಿನ್ನಿನ ಗರಿಷ್ಠ ಸುತ್ತು ತೋರಿಸುವ ಕೆಂಪು ಗೆರೆಯವರೆಗೆ ಎಳೆದರೆ ಮಾತ್ರ ಪೂರ್ತಿ ಶಕ್ತಿ ಬರುತ್ತದೆ ಎನ್ನುತ್ತಾನೆ ಗೆಳೆಯ. ನಾನು ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಕ್ರೂಸ್ ಕಂಟ್ರೋಲ್ (ಕಾರೇ ಒಂದೇ ವೇಗ ಹಿಡಿಯುವ ಸೌಲಭ್ಯ) ಹಾಕಿ ಎಂಬತ್ತರಲ್ಲಿ ನಾಲ್ಕಾರು ಸಲ ಹೋಗಿಬಂದು ಮುಗಿಸಿಬಿಡೋಣ ಎಂದುಕೊಂಡಿದ್ದೇನೆ. ಸರಿಯೇ? (ಬಾಣೇರ್, ಪುಣೆ)

ಉತ್ತರ: ನಾಲ್ವರೂ ತಪ್ಪು. ನಾಲ್ವರಲ್ಲಿ ನಿಮ್ಮ ಯೋಜನೆಯೇ ಹೆಚ್ಚು ತಪ್ಪು.

ಹೊಸ ಸಿಲಿಂಡರಿನ ಒಳಗೋಡೆ ನುಣುಪಾಗಿರುವುದಿಲ್ಲ. ಕಾರ್ಖಾನೆಯವರು ಬೇಕೆಂದೇ ಅದರ ಮೇಲೆ ಒಂದನ್ನೊಂದು ಅಡ್ಡ ಹಾಯುವ ಸಣ್ಣ ಗೀರುಗಳನ್ನು ಕೊರೆದಿರುತ್ತಾರೆ. ಹೋನಿಂಗ್ ಎಂದರೆ ಇದೇ. ಬ್ಲಾಕನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಆ ಗೀರುಗಳ ಜಾಲ ಕಣ್ಣಿಗೆ ಕಾಣುತ್ತದೆ. ಆಯಿಲ್ ನಿಲ್ಲುವುದು ಆ ಗೀರುಗಳಲ್ಲಿ. ಪಿಸ್ಟನ್ನಿನ ರಿಂಗು ಮೊದಮೊದಲು ಗೀರುಗಳ ಏಣುಗಳ ಮೇಲೆ ಉಜ್ಜಿ, ಆ ಏಣುಗಳನ್ನು ಸವೆಸಿ, ತಾನೂ ಸವೆದು ಗೋಡೆಗೆ ಸರಿಯಾಗಿ ಕೂರಬೇಕು. ಕೂತರೆ ಒತ್ತಡ ಮೇಲೆಯೇ ಉಳಿಯುತ್ತದೆ, ಆಯಿಲ್ ಕೆಳಗೇ ಉಳಿಯುತ್ತದೆ. ಎಂಜಿನ್ ಪಳಗುವುದು ಎಂದರೆ ಮುಖ್ಯವಾಗಿ ಇಷ್ಟೇ.

ರಿಂಗನ್ನು ಗೋಡೆಗೆ ಒತ್ತುವುದು ಯಾವುದು? ಅದರ ಸ್ವಂತ ಸ್ಪ್ರಿಂಗಿನ ಬಲ ಸ್ವಲ್ಪ ಮಾತ್ರ. ದೊಡ್ಡ ಬಲ ಬರುವುದು ಪೆಟ್ರೋಲು ಉರಿದಾಗ ಹುಟ್ಟುವ ಅನಿಲದಿಂದ. ಅದು ರಿಂಗಿನ ಹಿಂದಿನ ಸಂದಿಗೆ ನುಗ್ಗಿ ಅದನ್ನು ಹೊರಕ್ಕೆ ತಳ್ಳುತ್ತದೆ. ಎಂಜಿನ್ನಿಗೆ ಭಾರವೇ ಬೀಳದಿದ್ದರೆ ಈ ಒತ್ತಡವೂ ಇಲ್ಲ. ಸಪಾಟು ರಸ್ತೆಯಲ್ಲಿ ಕ್ರೂಸ್ ಕಂಟ್ರೋಲ್ ಹಾಕಿ ಒಂದೇ ಆರ್‌ಪಿಎಂನಲ್ಲಿ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) ತೇಲಿಸಿಕೊಂಡು ಹೋದರೆ ರಿಂಗು ಕೂರುವ ಕೆಲಸ ಮುಂದಕ್ಕೆ ಸಾಗುವುದಿಲ್ಲ. ಗೀರುಗಳಲ್ಲಿ ನಿಂತ ಆಯಿಲ್ ಮಾತ್ರ ನಿಧಾನವಾಗಿ ಸುಟ್ಟು ಮೆತ್ತಿಕೊಳ್ಳುತ್ತದೆ. ಹಾಗೆ ಕೆಟ್ಟ ಸಿಲಿಂಡರನ್ನು ಬಿಚ್ಚಿದಾಗ ಒಳಗೋಡೆ ಕನ್ನಡಿಯಂತೆ ಹೊಳೆಯುತ್ತಿರುತ್ತದೆ. ನೋಡಿದವರು ಎಷ್ಟು ಚೆನ್ನಾಗಿದೆ ಎನ್ನುತ್ತಾರೆ. ಆ ಹೊಳಪೇ ರೋಗ. ಅಂಥ ಕಾರು ಜೀವಮಾನವಿಡೀ ಆಯಿಲ್ ಕುಡಿಯುತ್ತದೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಬಿಡುತ್ತದೆ. ಮತ್ತೆ ಹೋನಿಂಗ್ ಮಾಡಿ ಹೊಸ ರಿಂಗು ಹಾಕದೆ ಅದಕ್ಕೆ ಮದ್ದಿಲ್ಲ.

ಸೋದರಮಾವನವರ ಮಾತಿಗೆ ಹಿನ್ನೆಲೆ ಇದೆ, ಅವರನ್ನು ಹಳಿಯಬೇಡಿ. ಕುರ್ಲಾದಲ್ಲಿ ಪ್ರೀಮಿಯರ್ ಪದ್ಮಿನಿ ತಯಾರಾಗುತ್ತಿದ್ದ ಕಾಲದ ಲೋಹಗೆಲಸ ಬೇರೆ, ಆಗಿನ ಆಯಿಲ್ ಬೇರೆ. ಆ ಎಂಜಿನ್ನಿಗೆ ಮೊದಮೊದಲು ವೇಗ ಕೊಟ್ಟರೆ ಬಿಸಿಯೇರಿ ಹಿಡಿದುಕೊಳ್ಳುವ ಭಯ ನಿಜವಾಗಿಯೂ ಇತ್ತು. ಈಗ ಆ ಲೆಕ್ಕ ಹಿಡಿದು ಅರವತ್ತರಲ್ಲಿ ಏಳನೇ ಗೇರಿನಲ್ಲಿ ಹೋದರೆ ಎಂಜಿನ್ ಕಡಿಮೆ ಆರ್‌ಪಿಎಂನಲ್ಲಿ ತಿಣುಕುತ್ತದೆ. ಅದೂ ಕೆಟ್ಟದ್ದೇ.

ಗೆಳೆಯನ ಮಾತಿನಲ್ಲಿ ಅರ್ಧ ಸತ್ಯವಿದೆ. ಒತ್ತಡ ಬೇಕು ಎನ್ನುವುದು ಸರಿ. ಆದರೆ ಕಾರಿನಲ್ಲಿ ಇರುವುದು ರಿಂಗು ಒಂದೇ ಅಲ್ಲ. ಬೇರಿಂಗುಗಳು, ಗೇರಿನ ಹಲ್ಲುಗಳು, ಎರಡು ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ಲಿನ ಹಲ್ಲುಗಳು ಎಲ್ಲವೂ ಹೊಸವು, ಎಲ್ಲವೂ ಒಂದಕ್ಕೊಂದು ಹೊಂದಿಕೊಳ್ಳಬೇಕು. ಹೊಸ ಟೈರಿನ ಮೇಲೆ ಅಚ್ಚಿನಿಂದ ಬಿಡಿಸಲು ಬಳಿದ ಜಾರುವ ಪದಾರ್ಥದ ಪದರ ಉಳಿದಿರುತ್ತದೆ. ಮೊದಲ 300 ಕಿ.ಮೀ. ಟೈರು ರಸ್ತೆಯನ್ನು ನಂಬುವಷ್ಟು ಹಿಡಿಯುವುದಿಲ್ಲ. ಬ್ರೇಕ್ ಪ್ಯಾಡು ಡಿಸ್ಕಿಗೆ ಕೂರಲು ಇನ್ನೂ ಕೆಲವು ನೂರು ಕಿಲೋಮೀಟರು ಬೇಕು. ಹಿಡಿತವಿಲ್ಲದ ಟೈರು, ಪೂರ್ತಿ ಕಚ್ಚದ ಬ್ರೇಕು ಇರುವ ದಿನವೇ ಕೆಂಪು ಗೆರೆಗೆ ಎಳೆಯಿರಿ ಎಂದು ಹೇಳುವವನು ನಿಮ್ಮ ಹಿತ ಬಯಸುವವನಲ್ಲ.

ಷೋರೂಮಿನ ಹುಡುಗನಿಗೆ ಅವನದೇ ಕಂಪನಿಯ ಪುಸ್ತಕ ತೋರಿಸಿ. ಬಿಎಂಡಬ್ಲ್ಯು ತನ್ನ ‘ಎಂ’ ಹೆಸರಿನ ಸ್ಪೋರ್ಟ್ಸ್ ಕಾರುಗಳಿಗೆ ಮೊದಲ 2000 ಕಿ.ಮೀ.ವರೆಗೆ 5500 ಆರ್‌ಪಿಎಂ ಮತ್ತು ಗಂಟೆಗೆ 170 ಕಿ.ಮೀ. ದಾಟಬೇಡಿ, ವೇಗವನ್ನು ಬದಲಿಸುತ್ತಾ ಓಡಿಸಿ ಎಂದು ಬರೆಯುತ್ತದೆ. 2000 ಕಿ.ಮೀ.ಗೆ ಎಂಜಿನ್ ಆಯಿಲ್ ಜೊತೆಗೆ ಹಿಂದಿನ ಡಿಫರೆನ್ಷಿಯಲ್ಲಿನ ಆಯಿಲನ್ನೂ ಬದಲಿಸುತ್ತದೆ. ಪೋರ್ಷೆ 3000 ಕಿ.ಮೀ. ತಾಳ್ಮೆ ಕೇಳುತ್ತದೆ. ಕಾರು ಮಾಡಿದವರೇ ಬರೆದಿಟ್ಟಿರುವುದನ್ನು ಕಾರು ಮಾರುವವರು ಬೇಡ ಎಂದರೆ ಯಾರ ಮಾತು ಕೇಳಬೇಕೆಂದು ನಾನು ಹೇಳಬೇಕಿಲ್ಲ.

ಈಗ ಮಾಡಬೇಕಾದದ್ದು. ಎಕ್ಸ್‌ಪ್ರೆಸ್‌ವೇ ಬಿಡಿ, ತಾಮ್ಹಿಣಿ ಘಾಟಿಗೆ ಹೋಗಿ. ವಾರದ ನಡುವಿನ ದಿನ, ಬೆಳಗಿನ ಜಾವ ಹೊರಡಿ. ಮಳೆಗಾಲದ ಶನಿವಾರ, ಭಾನುವಾರಗಳಲ್ಲಿ ಆ ಕಡೆ ಕಾರು ತಿರುಗಿಸಲೂ ಬೇಡಿ. ಚಾಂದನಿ ಚೌಕದಿಂದ ಪಿರಂಗುಟ್, ಪೌಡ್ ದಾಟುವವರೆಗೆ ಸಾವಕಾಶ ಹೋಗಿ ಎಂಜಿನ್ ಬಿಸಿಯಾಗಲು ಬಿಡಿ. ಮುಳಶಿಯ ಆಚೆ ಏರು ಸಿಕ್ಕಿದ ಕಡೆ ಗೇರನ್ನು ನೀವೇ ಹಿಡಿಯಿರಿ, ಆಟೊಮ್ಯಾಟಿಕ್‌ಗೆ ಬಿಡಬೇಡಿ. ಮೂರನೆಯ ಗೇರಿನಲ್ಲಿ ಎರಡೂವರೆ ಸಾವಿರದಿಂದ ನಾಲ್ಕು ಸಾವಿರದವರೆಗೆ ಅರ್ಧ ಆಕ್ಸಿಲರೇಟರಿನಲ್ಲಿ ಏರಿಸಿ, ಕಾಲು ತೆಗೆಯಿರಿ, ಗೇರಿನಲ್ಲೇ ಇಳಿಯಲು ಬಿಡಿ, ಮತ್ತೆ ಏರಿಸಿ. ಕಾಲು ತೆಗೆದಾಗ ಸಿಲಿಂಡರಿನಲ್ಲಿ ನಿರ್ವಾತ ಹುಟ್ಟಿ ಗೋಡೆಗೆ ಹೊಸ ಆಯಿಲ್ ಎಳೆದುಕೊಳ್ಳುತ್ತದೆ, ಸವೆದ ಲೋಹದ ಪುಡಿ ತೊಳೆದುಹೋಗುತ್ತದೆ. ಒತ್ತಡ ಕೊಡುವುದೂ ತೆಗೆಯುವುದೂ ಎರಡೂ ಬೇಕು. ಬೆಳಗಾವಿ, ಹುಬ್ಬಳ್ಳಿ ಕಡೆಯ ಊರಿನವರಾದರೆ ಇನ್ನೂ ಸುಲಭ. ಊರಿಗೆ ಹೋಗುವಾಗ ಖಂಬಾಟಕಿಯೂ ಸಿಗುತ್ತದೆ, ನಿಪ್ಪಾಣಿಯ ಆಚೆ ತವಂದಿ ಘಾಟೂ ಸಿಗುತ್ತದೆ. ನಡುವಿನ ಸಪಾಟು ಹೆದ್ದಾರಿಯಲ್ಲಿ ಆಗಾಗ ಗೇರು ಬದಲಿಸುತ್ತಿರಿ, ಸಾಕು. ಮೊದಲ ಸಾವಿರ ದಾಟಿದ ಮೇಲೆ ಪುಸ್ತಕ ಹೇಳಿದ ಮಿತಿಯವರೆಗೆ ಹಂತಹಂತವಾಗಿ ಏರಿಸುತ್ತಾ ಹೋಗಿ.

ಇನ್ನೊಂದು ಸಂಗತಿಯನ್ನು ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ, ಏಕೆಂದರೆ ಎಂಜಿನ್ ಹಾಳಾಗುವುದು ವೇಗಕ್ಕಿಂತ ಹೆಚ್ಚಾಗಿ ಇದರಿಂದ. ತಣ್ಣಗಿನ ಎಂಜಿನ್ನನ್ನು ರೊಯ್ಯನೆ ಎಳೆಯಬೇಡಿ. ಕೂಲಂಟಿನ (ಎಂಜಿನ್ ತಣಿಸುವ ದ್ರವದ) ಉಷ್ಣತೆಯ ಮುಳ್ಳು ನಡುವಿಗೆ ಬಂದ ಮೇಲೂ ಆಯಿಲ್ ಇನ್ನೂ ತಣ್ಣಗೇ ಇರುತ್ತದೆ. ನಿಮ್ಮ ಕಾರಿನಲ್ಲಿ ಆಯಿಲ್ ಉಷ್ಣತೆ ತೋರಿಸುವ ಪರದೆ ಇದ್ದರೆ 80 ಡಿಗ್ರಿ ದಾಟುವವರೆಗೆ ಮೂರು ಸಾವಿರ ಆರ್‌ಪಿಎಂ ಮೀರಬೇಡಿ. ಹಾಗೆಂದು ಸೊಸೈಟಿಯ ಪಾರ್ಕಿಂಗಿನಲ್ಲಿ ಹತ್ತು ನಿಮಿಷ ಸುಮ್ಮನೆ ಸ್ಟಾರ್ಟ್ ಮಾಡಿ ನಿಲ್ಲಿಸುವುದೂ ತಪ್ಪು. ತಣ್ಣಗಿನ ಎಂಜಿನ್ನಿಗೆ ಪೆಟ್ರೋಲು ಹೆಚ್ಚಾಗಿ ಹೋಗುತ್ತದೆ, ಉರಿಯದೆ ಉಳಿದದ್ದು ಗೋಡೆಯ ಆಯಿಲನ್ನು ತೊಳೆದುಕೊಂಡು ಕೆಳಗಿಳಿದು ಸಂಪಿನಲ್ಲಿರುವ, ಅಂದರೆ ಎಂಜಿನ್ನಿನ ತಳದ ತೊಟ್ಟಿಯಲ್ಲಿರುವ, ಆಯಿಲಿಗೆ ಬೆರೆಯುತ್ತದೆ. ಸ್ಟಾರ್ಟ್ ಮಾಡಿ, ಅರ್ಧ ನಿಮಿಷದಲ್ಲಿ ಹೊರಡಿ, ಮೆತ್ತಗೆ ಓಡಿಸಿ. ನೆಂಟರಿಷ್ಟರು ಬಂದಾಗ ಶಬ್ದ ಕೇಳಿಸಲೆಂದು ನಿಂತಲ್ಲೇ ಗುರುಗುಟ್ಟಿಸುವ ಚಟವನ್ನು ಇಂದೇ ಬಿಡಿ. ಬರೀ ಔಂಧ್‌ವರೆಗೆ ಹೋಗಿಬರುವ ಸಣ್ಣ ಓಟಗಳಲ್ಲೂ ಇದೇ ತೊಂದರೆ. ವಾರಕ್ಕೊಮ್ಮೆಯಾದರೂ ಅರ್ಧ ಗಂಟೆಗಿಂತ ಹೆಚ್ಚು ಓಡಿಸಿ, ಆಯಿಲಿನಲ್ಲಿ ಸೇರಿದ ನೀರು, ಪೆಟ್ರೋಲು ಆವಿಯಾಗಿ ಹೋಗಲಿ. ಘಾಟಿನಲ್ಲಿ ಜೋರಾಗಿ ಓಡಿಸಿ ಬಂದರೆ ಮನೆಯ ಹತ್ತಿರದ ಕೆಲವು ಕಿಲೋಮೀಟರು ನಿಧಾನಿಸಿ, ಟರ್ಬೊ ತಣಿಯಲಿ.

ಪುಸ್ತಕ ಹೇಳದಿದ್ದರೂ 2000 ಕಿ.ಮೀ. ಹೊತ್ತಿಗೆ ಆಯಿಲ್, ಫಿಲ್ಟರ್ ಬದಲಿಸಿ ಎಂಬುದು ನನ್ನ ಸಲಹೆ. ಇದು ಅತಿ ಎಚ್ಚರಿಕೆ ಎನ್ನುವ ಮೆಕ್ಯಾನಿಕ್‌ಗಳಿದ್ದಾರೆ, ಅನ್ನಲಿ. ಪುಸ್ತಕದಲ್ಲಿರುವ ದರ್ಜೆಯ ಆಯಿಲನ್ನೇ ಹಾಕಿಸಿ, ಬಿಲ್ಲು ಇಟ್ಟುಕೊಳ್ಳಿ. ಸರ್ವಿಸ್ ಕೌಂಟರಿನಲ್ಲಿ ಆಯಿಲಿಗೆ ಬೆರೆಸುವ ಬಾಟಲಿ, ಎಂಜಿನ್ ಫ್ಲಶ್, ಡಿಕಾರ್ಬನೈಸಿಂಗ್ ಎಂದು ಏನೇನೋ ಹೆಸರು ಹೇಳುತ್ತಾರೆ. ಹೊಸ ಎಂಜಿನ್ನಿನಲ್ಲಿ ಮಸಿಯೇ ಕಟ್ಟಿಲ್ಲ, ತೆಗೆಯುವುದೇನನ್ನು? ಘರ್ಷಣೆ ತಗ್ಗಿಸುವ ಬಾಟಲಿಯಂತೂ ಉಜ್ಜಿ ಕೂರಬೇಕಾದ ರಿಂಗನ್ನು ಉಜ್ಜದಂತೆ ಮಾಡುವ ವಸ್ತು. ಇದನ್ನು ಹೊಸ ಕಾರಿಗೆ ಮಾರುವುದು ಶುದ್ಧ ಮೋಸ.

ಪ್ರಶ್ನೆ: ನನ್ನ ಕಾರಿನದು ಡ್ಯುಯಲ್ ಕ್ಲಚ್ (ಎರಡು ಕ್ಲಚ್ಚಿನ ಆಟೊಮ್ಯಾಟಿಕ್) ಗೇರುಬಾಕ್ಸು. ಸಂಜೆಯ ಟ್ರಾಫಿಕ್ಕಿನಲ್ಲಿ ಬಿಸಿಯಾಗಿದೆ ಎಂಬ ಎಚ್ಚರಿಕೆ ಬರುತ್ತದೆ. (ಅಂಧೇರಿ, ಮುಂಬೈ)

ಉತ್ತರ: ಮುಂದಿನ ಕಾರಿನ ಬಾಲ ಹಿಡಿದು ಅಂಗುಲ ಅಂಗುಲ ಸರಿಯುತ್ತಿದ್ದೀರಿ. ಹಾಗೆ ತೆವಳುವಾಗ ಕ್ಲಚ್ಚು ಪೂರ್ತಿ ಹಿಡಿದಿರುವುದಿಲ್ಲ, ಅರೆಬರೆ ಉಜ್ಜುತ್ತಿರುತ್ತದೆ. ಬ್ರೇಕ್ ಒತ್ತಿ ನಿಲ್ಲಿ, ಎರಡು ಕಾರಿನಷ್ಟು ಜಾಗ ಬಿಡಿ, ಆಮೇಲೆ ಒಮ್ಮೆಗೇ ಹೋಗಿ. ಜಾಗಕ್ಕೆ ರಿಕ್ಷಾ ನುಗ್ಗುತ್ತದೆ ಎನ್ನುತ್ತೀರಿ. ನುಗ್ಗಲಿ, ಕ್ಲಚ್ಚಿನ ಬೆಲೆ ಗೊತ್ತಿದ್ದರೆ ನೀವೇ ದಾರಿ ಬಿಡುತ್ತೀರಿ. ಟವರುಗಳ ಪಾರ್ಕಿಂಗ್ ರ‍್ಯಾಂಪಿನಲ್ಲಿ ಆಕ್ಸಿಲರೇಟರ್ ಒತ್ತಿ ಕಾರನ್ನು ತಡೆದು ನಿಲ್ಲಿಸುವುದು ಇದಕ್ಕಿಂತ ಕೆಟ್ಟ ಅಭ್ಯಾಸ. ಅಲ್ಲಿ ಕಾಲು ಇರಬೇಕಾದದ್ದು ಬ್ರೇಕಿನ ಮೇಲೆ. ಅದೇ ರ‍್ಯಾಂಪನ್ನು ನೇರವಾಗಿ ಏರದೆ ಓರೆಯಾಗಿ ಏರಿ, ಬಂಪರಿನ ಕೆಳತುಟಿ ಉಳಿಯುತ್ತದೆ.

ಪ್ರಶ್ನೆ: ನೂರು ಆಕ್ಟೇನ್ ಪೆಟ್ರೋಲು ಹಾಕಿದರೆ ವೇಗ ಹೆಚ್ಚುತ್ತದೆಯೇ? (ಕೋಥರೂಡ್, ಪುಣೆ)

ಉತ್ತರ: ಆಕ್ಟೇನ್ ಎಂದರೆ ಶಕ್ತಿಯಲ್ಲ, ಒತ್ತಡಕ್ಕೆ ಸಿಕ್ಕಿ ಹೊತ್ತಿಗೆ ಮುಂಚೆಯೇ ಹೊತ್ತಿಕೊಳ್ಳದೆ ತಡೆಯುವ ಗುಣ. ಪೆಟ್ರೋಲು ಮುಚ್ಚಳದ ಒಳಗೆ ಸಂಖ್ಯೆ ಬರೆದಿದೆ. 95 ಎಂದಿದ್ದರೆ 95 ಸಾಕು. 98 ಎಂದಿದ್ದರೆ ನೂರರ ಪೆಟ್ರೋಲು ಹುಡುಕಿ ಹಾಕಿಸಿ. ಇಂಡಿಯನ್ ಆಯಿಲ್ ತನ್ನ ಎಕ್ಸ್‌ಪಿ100 ಅನ್ನು 2020ರ ಡಿಸೆಂಬರಿನಲ್ಲಿ ತಂದಾಗ ಮೊದಲ ನಗರಗಳಲ್ಲೇ ಮುಂಬೈ, ಪುಣೆ ಎರಡೂ ಇದ್ದವು. ಅದೇ ಮುಚ್ಚಳದಲ್ಲಿ ಎಥನಾಲ್ ಎಷ್ಟರವರೆಗೆ ಆಗುತ್ತದೆ ಎಂಬ ಗುರುತನ್ನೂ ನೋಡಿಕೊಳ್ಳಿ.

ಪ್ರಶ್ನೆ: ಹೊಸ ಬಣ್ಣಕ್ಕೆ ರಕ್ಷಣೆಯ ಫಿಲ್ಮು ಹಾಕಿಸಲು ಒಂದು ತಿಂಗಳು ಕಾಯಬೇಕೇ? (ಠಾಣೆ)

ಉತ್ತರ: ಬೇಡ. ಕಾರ್ಖಾನೆಯ ಬಣ್ಣವನ್ನು ಒಲೆಯಲ್ಲಿ ಬೇಯಿಸಿಯೇ ಹೊರಗೆ ಬಿಡುತ್ತಾರೆ. ಕಾಯಬೇಕಾದದ್ದು ಗ್ಯಾರೇಜಿನಲ್ಲಿ ಮತ್ತೆ ಬಳಿದ ಬಣ್ಣಕ್ಕೆ. ಹೆದ್ದಾರಿಯ ಕಲ್ಲು ಸಿಡಿಯುವ ಮೊದಲೇ ಹಾಕಿಸಿ. ಸೆರಾಮಿಕ್ ಲೇಪ ಕಲ್ಲಿನಿಂದ ಕಾಯುತ್ತದೆ ಎಂದು ಯಾರಾದರೂ ಹೇಳಿದರೆ ಆ ಅಂಗಡಿಯಿಂದ ಎದ್ದು ಬನ್ನಿ. ಇನ್ನೊಂದು ಮಾತು: ಪೂಜೆಗೆ ಬಾನೆಟ್ಟಿನ ಮೇಲೆ ಹಾಕುವ ಹಾರ ನೂಲಿನದಾಗಿರಲಿ. ತಂತಿಯಲ್ಲಿ ಕಟ್ಟಿದ ಹಾರ ದೇವಸ್ಥಾನದಿಂದ ಮನೆಗೆ ಬರುವಷ್ಟರಲ್ಲಿ ಗಾಳಿಗೆ ಅಲ್ಲಾಡಿ ಎಳೆದ ಗೀರುಗಳನ್ನು ಪಾಲಿಶ್ ಮಾಡಿಸಲು ಎಷ್ಟೋ ಜನ ಬರುತ್ತಾರೆ.

ಪ್ರಶ್ನೆ: ಬೆಳಿಗ್ಗೆ ಬ್ರೇಕ್ ಡಿಸ್ಕಿನ ಮೇಲೆ ತುಕ್ಕು. ಕಂಪನಿ ಹಳೆಯ ಕಾರು ಕೊಟ್ಟಿತೇ? (ಮಡಗಾಂವ್, ಗೋವಾ)

ಉತ್ತರ: ಇಲ್ಲ. ಕಬ್ಬಿಣದ ಡಿಸ್ಕು, ಕಡಲ ಗಾಳಿ. ನಾಲ್ಕು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ. ಕಾರು ತೊಳೆದ ಮೇಲೆ ಒಂದು ಸುತ್ತು ಓಡಿಸಿ ಒಣಗಿಸಿ ನಿಲ್ಲಿಸಿ. ಪ್ಲಾಸ್ಟಿಕ್ ಹೊದಿಕೆ ತೆಗೆದು ಬಿಸಾಡಿ, ಅದು ತೇವವನ್ನು ಒಳಗೇ ಹಿಡಿದಿಡುತ್ತದೆ.

ಪ್ರಶ್ನೆ: ಟೈರಿಗೆ ನೈಟ್ರೊಜನ್? (ಹಲವರು)

ಉತ್ತರ: ಗಾಳಿಯಲ್ಲಿ ಆಗಲೇ 78 ಶೇಕಡಾ ಇದೆ. ತಣ್ಣಗಿರುವಾಗ ಒತ್ತಡ ನೋಡಿ.

ಪ್ರಶ್ನೆ: ಇಸಿಯು ರೀಮ್ಯಾಪ್ (ಎಂಜಿನ್ ನಡೆಸುವ ಕಂಪ್ಯೂಟರಿನ ಲೆಕ್ಕ ತಿದ್ದುವುದು), ಸೈಲೆನ್ಸರ್ ಬದಲಾವಣೆ ಯಾವಾಗ ಮಾಡಿಸಬಹುದು? (ಪುಣೆ, ಮುಂಬೈಯ ಅನೇಕರು)

ಉತ್ತರ: ವಾರಂಟಿ ಬೇಡದಿದ್ದಾಗ. ಸೈಲೆನ್ಸರ್ ಕತ್ತರಿಸಿ ಕೋಸ್ಟಲ್ ರೋಡಿನ ಸುರಂಗದಲ್ಲಿ ಸದ್ದು ಮಾಡುವವರಿಗೆ ನಾನು ಉತ್ತರಿಸುವುದಿಲ್ಲ. ವಾಹನದ ಮಾರ್ಪಾಟಿನ ಬಗ್ಗೆ ಮೋಟಾರು ವಾಹನ ಕಾಯಿದೆಯ 52ನೇ ಕಲಮು ಇದೆ, ಅದನ್ನು ಓದಿ.

ಪ್ರಶ್ನೆ: ಮೊದಲ ಮಳೆಗಾಲ. ಅಂಡರ್‌ಪಾಸಿನ ನೀರಿನಲ್ಲಿ ಕಾರು ನಿಂತುಹೋದರೆ ಎಷ್ಟು ಹೊತ್ತು ಬಿಟ್ಟು ಸ್ಟಾರ್ಟ್ ಮಾಡಬೇಕು? (ದಾದರ್, ಮುಂಬೈ)

ಉತ್ತರ: ಮಾಡಲೇಬಾರದು. ನೆಲಕ್ಕೆ ಅಂಟಿದಂತಿರುವ ಕಾರಿನಲ್ಲಿ ಗಾಳಿ ಎಳೆಯುವ ಬಾಯಿಯೂ ತಗ್ಗಿನಲ್ಲಿರುತ್ತದೆ. ಸಿಲಿಂಡರಿಗೆ ನೀರು ಹೊಕ್ಕರೆ ಪಿಸ್ಟನ್ನು ಅದನ್ನು ಒತ್ತಿ ಕುಗ್ಗಿಸಲಾರದು, ಬಾಗುವುದು ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡು. ಸಾಮಾನ್ಯ ವಿಮೆಯಲ್ಲಿ ಇಂಥ ಎಂಜಿನ್ ಹಾನಿಗೆ ಹಣ ಸಿಗುವುದು ಕಷ್ಟ. ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆಯನ್ನು ಜೂನ್ ಬರುವ ಮೊದಲೇ ಏಜೆಂಟರ ಬಳಿ ಖಚಿತಪಡಿಸಿಕೊಳ್ಳಿ. ನಿಂತ ಕಾರಿನ ಬಟನ್ನು ಮುಟ್ಟದೆ ಇಳಿಯಿರಿ. ಎಳೆದುಕೊಂಡು ಹೋಗುವ ಹಗ್ಗದ ಗಾಡಿ ಬೇಡ, ಕಾರನ್ನು ಮೇಲೆ ಹತ್ತಿಸಿಕೊಳ್ಳುವ ಫ್ಲಾಟ್‌ಬೆಡ್ ಕರೆಸಿ, ಸ್ಪಾರ್ಕ್ ಪ್ಲಗ್ ಬಿಚ್ಚಿ ನೀರು ತೆಗೆಯುವವರೆಗೆ ಯಾರಿಗೂ ಸ್ಟಾರ್ಟ್ ಮಾಡಲು ಬಿಡಬೇಡಿ.